ಸೊಸೆಯ ಹೆಸರಿನ ಸಾಲ

ಕೊಟ್ಟೂರಿನ ಬಜಾರದಲ್ಲಿ ಬೆನಕಪ್ಪನ ಬಟ್ಟೆ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಆ ಬೆನಕಪ್ಪ ನಾನೇ. ಎರಡು ಮನೆಯವರು ಜಗಳವಾಡಿದರೆ ನಡುವೆ ಕೂತು ಬಗೆಹರಿಸಲು ಜನ ನನ್ನನ್ನು ಕರೆಯುತ್ತಿದ್ದರು. ಕರೆದವರು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು: “ಬೆನಕಪ್ಪಾರ ಹೆಸರಿನ ಮ್ಯಾಲೆ ಎಲ್ಲೂ ಒಂದು ಪೈಸೆ ಸಾಲ ಇಲ್ಲ ನೋಡ್ರಿ.” ಕೇಳಿದಾಗಲೆಲ್ಲ ನಾನು ಹೆಮ್ಮೆಯಿಂದ ಶಲ್ಯ ಸರಿಮಾಡಿಕೊಳ್ಳುತ್ತಿದ್ದೆ. ಅದು ಸುಳ್ಳಲ್ಲ. ಆದರೆ ನನ್ನ ಹೆಸರು ಹೇಗೆ ಸ್ವಚ್ಛವಾಗಿ ಉಳಿಯಿತು ಎಂಬುದನ್ನು ಹೇಳಲು ಈಗ ನಾಲಿಗೆ ಏಳುವುದಿಲ್ಲ. ಏಳದಿದ್ದರೂ ಹೇಳಬೇಕು.

ನಮ್ಮದು ಆರು ಜನರ ಮನೆ. ನಾನು, ನನ್ನ ಹೆಂಡತಿ ನಾಗಲಿಂಗಮ್ಮ, ನನ್ನ ಜೊತೆ ಅಂಗಡಿಯಲ್ಲಿ ಕೂರುವ ಹಿರಿಯ ಮಗ ಗವಿಸಿದ್ದೇಶ್, ಅವನ ಹೆಂಡತಿ ಪುಷ್ಪಲತಾ, ಅವರ ಮಗು, ಬೀಜದ ಕಂಪನಿಯೊಂದರಲ್ಲಿ ಮಾರಾಟದ ಕೆಲಸ ಮಾಡುವ ಕಿರಿಯ ಮಗ ಅಮರೇಶ್. ಪುಷ್ಪಲತಾ ಡಿ.ಫಾರ್ಮಾ ಓದಿದವಳು. ಬೆಳಿಗ್ಗೆ ಏಳಕ್ಕೆಲ್ಲ ರೊಟ್ಟಿ ಬಡಿದು, ಪಲ್ಯ ಮಾಡಿ, ಮಗನ ಡಬ್ಬಿ ಕಟ್ಟಿ ಎಂಟೂವರೆಯ ಬಸ್ಸಿಗೆ ಹಗರಿಬೊಮ್ಮನಹಳ್ಳಿಗೆ ಹೋಗುತ್ತಿದ್ದಳು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಎರ್ರೆಪ್ಪ ಎಂಬ ಹಿರಿಯರ ಔಷಧಿ ಅಂಗಡಿಯಲ್ಲಿ ಎಂಟು ವರ್ಷದಿಂದ ಕೆಲಸ. ಓದು ಬಾರದ ಮುದುಕರು ಬಂದರೆ ಮಾತ್ರೆಯ ಚೀಟಿಯ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದು ಕೊಡುತ್ತಿದ್ದಳು. ಹಳ್ಳಿಗಳಿಂದ ಬಂದವರು ಬೇರೆ ಅಂಗಡಿ ದಾಟಿ ಅವಳಿದ್ದಲ್ಲಿಗೇ ಹೋಗುತ್ತಿದ್ದರು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ನಮ್ಮಲ್ಲಿ ಮಾತ್ರವಲ್ಲ, ನಾನು ಬಲ್ಲ ಹತ್ತಾರು ಮನೆಗಳಲ್ಲಿ ಇದೆ. ಸಾಲ ಬೇಕಾದರೆ ಹೆಂಗಸರ ಹೆಸರಿಗೆ ತೆಗೆಯುವುದು. ಗಂಡಸು ವ್ಯಾಪಾರ ಮಾಡುವವನು, ಅವನ ಹೆಸರು ಕೆಡಬಾರದು. ಹೆಂಗಸಿನ ಹೆಸರಿಗೆ ಬಜಾರದಲ್ಲಿ ಏನು ಕೆಲಸ ಎನ್ನುವ ಲೆಕ್ಕ. ಪುಷ್ಪಲತಾಳಿಗೆ ಸಂಬಳದ ಚೀಟಿ ಇತ್ತು. ಹಾಗಾಗಿ ಅಮರೇಶನ ಬೈಕು ಅವಳ ಹೆಸರಿನ ಸಾಲದಲ್ಲಿ ಬಂತು. ಗವಿಸಿದ್ದೇಶ್ ಅವಳ ಹೆಸರಿಗೆ ಕ್ರೆಡಿಟ್ ಕಾರ್ಡ್ ಮಾಡಿಸಿ ಅಂಗಡಿಯ ಮಾಲಿಗೆ ಬಳಸಿಕೊಂಡ. ಅವಳು ಔಷಧಿ ಕೊಡುತ್ತಿರುವಾಗಲೇ ಫೋನ್ ಮಾಡಿ, “ಒಟಿಪಿ ಬಂದೈತಿ ನೋಡು, ಹೇಳು ಜಲ್ದಿ” ಎನ್ನುತ್ತಿದ್ದ. ಅವಳು ಗಿರಾಕಿಯನ್ನು ನಿಲ್ಲಿಸಿ ಹೇಳುತ್ತಿದ್ದಳು.

ಮೂರನೆಯದು ನನ್ನ ಕೈಯಿಂದಲೇ ಆದದ್ದು. ಹಡಗಲಿಯಲ್ಲಿರುವ ನಾಗಲಿಂಗಮ್ಮನ ತಮ್ಮ ಮೈಲಾರೇಶ್ ಮಲ್ಲಿಗೆ ಹೂ ಸಾಗಿಸಲು ಸಣ್ಣ ಗೂಡ್ಸ್ ಗಾಡಿ ಕೊಳ್ಳಬೇಕೆಂದಿದ್ದ. ಫೈನಾನ್ಸ್ ಕಂಪನಿಯವರು ಜಾಮೀನು ಕೇಳಿದರು. ಪುಷ್ಪಲತಾ ಆಗ ಹೆತ್ತು ಒಂಬತ್ತು ದಿನವಾಗಿತ್ತು, ಬಾಣಂತಿ ಕೋಣೆಯಲ್ಲಿದ್ದಳು. ನಾನು ಬಾಗಿಲ ಹೊರಗೇ ನಿಂತು ಕಾಗದ, ಪೆನ್ನು ಒಳಗೆ ಚಾಚಿದೆ.

“ಏನ್ರಿ ಮಾವ ಇದು?” ಎಂದಳು.

“ಏನಿಲ್ಲವ್ವ, ಬರೇ ಸಾಕ್ಷಿ ಸಹಿ.”

ಮಗು ಎದೆಯ ಮೇಲಿತ್ತು. ಅವಳು ಮಗುವನ್ನು ಕದಲಿಸದೆ, ಓದದೆ, ನಾಲ್ಕು ಕಡೆ ಸಹಿ ಮಾಡಿಕೊಟ್ಟಳು. ಅದು ಸಾಕ್ಷಿಯ ಸಹಿ ಅಲ್ಲ ಎಂದು ನನಗೆ ಗೊತ್ತಿತ್ತು.

ಐದು ವರ್ಷ ಕಳೆಯಿತು. ಎರ್ರೆಪ್ಪನವರಿಗೆ ಕಣ್ಣು ಮಂಜಾದವು. ಒಂದು ದಿನ ಪುಷ್ಪಲತಾಳನ್ನು ಕೂರಿಸಿಕೊಂಡು, “ನೋಡವ್ವ, ಈ ಅಂಗಡಿ ನೀನೇ ನಡೆಸಾಕಿ. ಆರು ಲಕ್ಷ ಹೊಂದಿಸು, ಅಲ್ಲೀತನಕ ನಾನು ಬೇರೆಯವರಿಗೆ ಕೊಡಂಗಿಲ್ಲ” ಎಂದರಂತೆ. ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಅಷ್ಟು ಖುಷಿಯಲ್ಲಿ ಅವಳನ್ನು ನಾನು ನೋಡಿರಲಿಲ್ಲ. ಗವಿಸಿದ್ದೇಶನಿಗೆ ಅಂಗಡಿ ಬಿಟ್ಟು ಬರಲಾಗದೆಂದು ಬ್ಯಾಂಕಿಗೆ ನನ್ನನ್ನು ಜೊತೆಗೆ ಕರೆದಳು.

ಹಗರಿಬೊಮ್ಮನಹಳ್ಳಿಯ ಆ ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡುತ್ತಿದ್ದವಳು ರೇಣುಕಾ ಎಂಬ ಹುಡುಗಿ, ಮೂವತ್ತು ದಾಟಿರಲಿಕ್ಕಿಲ್ಲ. ಕಾಗದ ಎಲ್ಲ ನೋಡಿ, ಪುಷ್ಪಲತಾಳ ಒಪ್ಪಿಗೆ ತೆಗೆದುಕೊಂಡು ಕಂಪ್ಯೂಟರಿನಲ್ಲಿ ಏನೋ ತೆಗೆದಳು. ಅವಳ ಮುಖ ಸಣ್ಣದಾಯಿತು.

“ಮೇಡಂ, ನಿಮ್ಮ ಕ್ರೆಡಿಟ್ ಸ್ಕೋರ್, ಅಂದ್ರೆ ಸಾಲ ಹೆಂಗ ತೀರಿಸೀರಿ ಅನ್ನಾದರ ಅಂಕ, ಐನೂರಾ ನಲವತ್ತೆಂಟು ಐತ್ರಿ. ಮುನ್ನೂರರಿಂದ ಒಂಬೈನೂರರ ತನಕ ಇರ್ತೈತಿ ಇದು. ಏಳುನೂರಾ ಐವತ್ತರ ಹತ್ರ ಇದ್ರೆ ನಮಗ ಕೊಡಾಕ ಸಲೀಸು. ಇದನ್ನ ನಾನು ಮ್ಯಾಲೆ ಕಳಿಸಿದ್ರೂ ವಾಪಸ್ ಬರ್ತೈತಿ.”

“ಬೈಕಿನ ಕಂತು ಎಲ್ಲಾ ಕಟ್ಟೀವಲ್ರಿ” ಎಂದಳು ಪುಷ್ಪಲತಾ.

“ಕಟ್ಟೀರಿ. ಯಾವಾಗ ಕಟ್ಟೀರಿ ಅನ್ನಾದನ್ನೂ ಇದು ಬರಕೊಂಡೈತಿ.” ರೇಣುಕಾ ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಮೂವತ್ತಾರು ಕಂತಿನಲ್ಲಿ ಹತ್ತೊಂಬತ್ತು ತಡ. ಐದನೇ ತಾರೀಕಿನದನ್ನು ನಾವು ಅಂಗಡಿಯಲ್ಲಿ ವ್ಯಾಪಾರ ಆದಾಗ ಕಟ್ಟುತ್ತಿದ್ದೆವು, ಕೆಲವೊಮ್ಮೆ ಮುಂದಿನ ತಿಂಗಳು. ದಂಡ ಕೊಡುತ್ತೇವಲ್ಲ, ಅವರಿಗೇನು ನಷ್ಟ ಎಂದು ಗವಿಸಿದ್ದೇಶನಿಗೆ ನಾನೇ ಹೇಳಿಕೊಟ್ಟಿದ್ದೆ.

“ಕಾರ್ಡಿನ ಮಿತಿ ಎಂಬತ್ತು ಸಾವಿರ ಐತಿ, ಪ್ರತಿ ತಿಂಗಳೂ ಎಂಬತ್ತರ ಹತ್ರ ಬಳಸೀರಿ. ಮೂರರಾಗ ಒಂದು ಪಾಲಿನ ಒಳಗ ಇದ್ರೆ ಚಲೋ. ಪೂರ್ತಿ ಬಳಸಿದ್ರೆ, ಈ ಮನುಷ್ಯಾಗ ಕೈಯಾಗ ರೊಕ್ಕ ಇಲ್ಲ ಅಂತ ಲೆಕ್ಕ ಹಾಕ್ತಾರ. ಮತ್ತ ಹೋದ ದೀಪಾವಳಿಗೆ ಎರಡು ತಿಂಗಳಾಗ ಐದು ಕಡೆ ಸಾಲ ಕೇಳೀರಿ. ಒಬ್ಬೊಬ್ಬರೂ ನಿಮ್ಮ ಸ್ಕೋರ್ ತೆಗೆದು ನೋಡ್ಯಾರ. ಅದಕ್ಕೂ ಇಳದೈತಿ.”

“ನಾನು ಕೇಳೇ ಇಲ್ಲರಿ” ಎಂದಳು. ಕೂಡಲೇ ಕೈಯಲ್ಲಿದ್ದ ಫೋನನ್ನು ನೋಡಿಕೊಂಡಳು. ಹಬ್ಬದ ಮಾಲಿಗೆಂದು ಗಂಡ ಕೇಳಿದಾಗ ಓದಿ ಹೇಳಿದ ಒಟಿಪಿಗಳು ಅವಳಿಗೆ ನೆನಪಾಗಿರಬೇಕು.

“ಇವೆಲ್ಲಾ ಇರಲಿ, ಸುಧಾರಿಸಬಹುದು. ದೊಡ್ಡದು ಈ ಜಾಮೀನು. ಗಾಡಿ ಸಾಲ, ಮೈಲಾರೇಶ್ ಅನ್ನೋರದು. ಹನ್ನೊಂದು ತಿಂಗಳಿಂದ ಕಟ್ಟಿಲ್ಲ. ಜಾಮೀನು ಅಂದ್ರೆ ಅವರು ಕಟ್ಟಲಿಲ್ಲ ಅಂದ್ರೆ ನಾನು ಕಟ್ತೀನಿ ಅಂತ ಬರಕೊಟ್ಟಂಗ. ಅವರ ಬಾಕಿ ನಿಮ್ಮ ಹೆಸರಿಗೂ ಬಂದೈತಿ.”

ಪುಷ್ಪಲತಾ ಪರದೆಯ ಹತ್ತಿರ ಬಾಗಿ ಜಾಮೀನಿನ ತಾರೀಕು ಓದಿದಳು. ಎರಡು ಸಲ ಓದಿದಳು. ನನ್ನ ಕಡೆ ನೋಡಲಿಲ್ಲ.

ಆ ಹೊತ್ತಿಗೂ ನನ್ನ ಜಂಭ ಹೋಗಿರಲಿಲ್ಲ. “ನನ್ನ ಹೆಸರು ಹಾಕಿ ನೋಡವ್ವ. ಎಲ್ಲೂ ಒಂದು ಪೈಸೆ ಇಲ್ಲ” ಎಂದೆ. ರೇಣುಕಾ ನನ್ನ ಪ್ಯಾನ್ ನಂಬರು ಕೇಳಿ ಹಾಕಿದಳು.

“ನಿಮಗ ಸ್ಕೋರೇ ಇಲ್ಲರಿ ಯಜಮಾನರ. ತಗೊಂಡು ಸರಿಯಾಗಿ ತೀರಿಸಿದ್ರೆ ತಾನೆ ಏರಾದು? ನೀವು ಏನೂ ತಗೊಂಡಿಲ್ಲ.” ಅವಳು ಚುಚ್ಚಬೇಕೆಂದು ಹೇಳಲಿಲ್ಲ. ಆದರೂ ಪಕ್ಕದ ಕುರ್ಚಿಯಲ್ಲಿ ಪುಷ್ಪಲತಾ ಇದ್ದಳು. ನಾನು ತಗೊಂಡದ್ದೆಲ್ಲ ಅವಳ ಹೆಸರಿನಲ್ಲಿತ್ತು.

ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ನಾನು ಹಿಂದೆ. ಕೊಟ್ಟೂರಿನಲ್ಲಿ ಇಳಿದು ನನಗಿಂತ ಮುಂದೆ ನಡೆದಳು.

ಮಾರನೆಯ ದಿನ ಮಧ್ಯಾಹ್ನ ಹಡಗಲಿಯಿಂದ ಮೈಲಾರೇಶನನ್ನು ಕರೆಸಿದೆವು. ಅವನು ಪಡಸಾಲೆಯಲ್ಲಿ ಕೂತು ಚಹಾ ಕುಡಿದು, “ಅಕ್ಕಾ, ಗಾಬರಿ ಆಗಬ್ಯಾಡ್ರಿ. ಅರ್ಧ ಕೊಟ್ಟು ಮುಗಿಸ್ರಿ ಅಂತ ಫೈನಾನ್ಸಿನೋರೇ ಅಂದಾರ. ಸೆಟಲ್‌ಮೆಂಟು” ಎಂದ.

ಪುಷ್ಪಲತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಅರ್ಧ ಕೊಟ್ಟು ಮುಗಿಸಿದ್ರೆ, ಪೂರ್ತಿ ಕೊಡಲಿಲ್ಲ ಅಂತ ನನ್ನ ಹೆಸರಿನ ಮುಂದ ವರ್ಷಗಟ್ಟಲೆ ಉಳೀತೈತಿ ಮಾಮ. ಬ್ಯಾಂಕಿನಾಗ ಕೇಳಿಕೊಂಡು ಬಂದೀನಿ. ಪೂರ್ತಿ ಕಟ್ಟಬೇಕು.”

“ನಿನ್ನ ಹೆಸರು, ನಿನ್ನ ಹೆಸರು!” ಗವಿಸಿದ್ದೇಶ್ ಸಿಡುಕಿದ. “ಈ ಮನಿಯಾಗ ನಿಂದು ನಂದು ಅನ್ನಾದು ಯಾವಾಗಿಂದ ಬಂತು?”

“ನಿಂದು ನಂದು ಇಲ್ಲ ಅಂದ್ರೆ ನಿಮ್ಮ ಹೆಸರಿಗೇ ತಗೋಬೇಕಿತ್ತು.”

ನಾಗಲಿಂಗಮ್ಮನಿಗೆ ಸಿಟ್ಟು ಬಂತು. “ಗಂಡಸರ ಹೆಸರು ಬಜಾರದಾಗ ಓಡಾಡತೈತಿ, ಕೆಡಿಸಾಕಾಗತೈತೇನು? ಹೆಣ್ಮಕ್ಕಳ ಹೆಸರಿಗೆ ಏನ್ ಆಗಬೇಕಾಗೈತಿ? ನನ್ನ ಹೆಸರಿಗೂ ನಿಮ್ಮ ಮಾವಾರು ಎಷ್ಟು ಸಲ ತೆಗೆದಾರ. ನಾ ಒಂದಿನಾನರ ಕೇಳೀನೇನು?”

“ಅತ್ತಿ, ನೀವು ಕೇಳಬೇಕಿತ್ತು” ಎಂದಳು ಪುಷ್ಪಲತಾ ಮೆಲ್ಲಗೆ.

ಎಲ್ಲರೂ ನನ್ನ ಕಡೆ ತಿರುಗಿದರು. ಊರಿನ ಜಗಳ ಬಗೆಹರಿಸುವವನು ನಾನು. “ಅಂಗಡಿಗೆ ಹೊತ್ತಾತು” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಯಾರಾದರೂ ಬೈದಿದ್ದರೆ ಹಗುರವಾಗುತ್ತಿತ್ತು.

ಎರ್ರೆಪ್ಪನವರು ಎರಡು ತಿಂಗಳು ಕಾದರು. ಆಮೇಲೆ ಹರಪನಹಳ್ಳಿಯವರೊಬ್ಬರಿಗೆ ಅಂಗಡಿ ಕೊಟ್ಟುಬಿಟ್ಟರು. ಹೊಸ ಮಾಲೀಕರ ತಂಗಿಯೇ ಫಾರ್ಮಾ ಓದಿದವಳು. ಪುಷ್ಪಲತಾ ಒಂದು ದಿನ ಮಧ್ಯಾಹ್ನವೇ ಮನೆಗೆ ಬಂದಳು. ಬಿಳಿ ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟು ಜೋಳ ಹಸನು ಮಾಡಲು ಕೂತಳು. ಕೊಟ್ಟೂರಿನಲ್ಲೇ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಸಿಕ್ಕಿತು, ಮೊದಲಿನ ಸಂಬಳದ ಅರ್ಧಕ್ಕೆ.

ಕೆಲವು ತಿಂಗಳ ಮೇಲೆ ಹುಲುಗಪ್ಪ ಎಂಬ ಕುರಿ ಸಾಕುವ ಮುದುಕ ನಮ್ಮ ಅಂಗಡಿಗೆ ಕೆಂಪು ಅಂಚಿನ ಧೋತರ ಕೊಳ್ಳಲು ಬಂದ. ಜೇಬಿನಿಂದ ಮಾತ್ರೆಯ ಚೀಟಿ ತೆಗೆದು, “ಇದರಾಗ ಬೆಳಿಗ್ಗಿಂದು ಯಾವುದು ಓದಿ ಹೇಳ್ರಿ ಸಾವಕಾರ್ರ. ಬೊಮ್ಮನಹಳ್ಳಿಯಾಗ ಒಬ್ಬ ಅವ್ವ ಇದ್ಲು, ಸೂರ್ಯ ಚಂದ್ರ ಬರಕೊಡ್ತಿದ್ಲು. ಈಗ ಇಲ್ಲ. ಎಲ್ಲಿ ಹೋದ್ಲು ಏನೋ, ನಿಮಗೇನರ ಗೊತ್ತೈತೇನ್ರಿ?” ಎಂದ.

“ಗೊತ್ತಿಲ್ಲಪ್ಪ” ಎಂದೆ.

ನನ್ನ ಸೊಸೆ ಎಂದು ಹೇಳಿದ್ದರೆ, ಯಾಕೆ ಬಿಟ್ಟಳು ಎಂದು ಕೇಳುತ್ತಿದ್ದ. ಅವನು ಹೋದ ಮೇಲೆ ಗಲ್ಲಾದ ಮುಂದೆ ಕೂರಲಾಗಲಿಲ್ಲ. ಅರವತ್ತೇಳು ವರ್ಷದ ಮನುಷ್ಯ, ಮನೆಯ ಮಗಳಂಥ ಸೊಸೆಯ ಗುರುತೇ ಇಲ್ಲ ಎಂದುಬಿಟ್ಟಿದ್ದೆ.

ಮರುದಿನ ನನ್ನ ಠೇವಣಿ ಮುರಿಸಿದೆ. ಹಡಗಲಿಗೆ ಹೋಗಿ ಫೈನಾನ್ಸ್ ಕಂಪನಿಯಲ್ಲಿ ಎರಡು ಲಕ್ಷದ ಹದಿನಾಲ್ಕು ಸಾವಿರ ಪೂರ್ತಿ ಕಟ್ಟಿ, ಬಾಕಿ ಇಲ್ಲ ಎಂಬ ಪತ್ರ ಬರೆಸಿಕೊಂಡು ಬಂದು ಪುಷ್ಪಲತಾಳ ಕೈಗೆ ಕೊಟ್ಟೆ. ಅವಳು ನಿಂತುಕೊಂಡೇ ಮೊದಲಿನಿಂದ ಕೊನೆಯ ತನಕ ಓದಿದಳು.

“ಆರು ತಿಂಗಳ ಹಿಂದ ಆಗಬೇಕಿತ್ತು ಮಾವ ಇದು” ಎಂದಳು. ಅಷ್ಟೇ. ಆಮೇಲೆ ತನ್ನ ಆಧಾರ್, ಪ್ಯಾನ್, ಕ್ರೆಡಿಟ್ ಕಾರ್ಡ್ ಮೂರನ್ನೂ ಗಂಡನಿಂದ ಕೇಳಿ ಪಡೆದಳು. ಕಾರ್ಡಿನ ಬಾಕಿಯನ್ನು ಸಂಬಳದಲ್ಲಿ ತಿಂಗಳಿಗಿಷ್ಟು ಇಳಿಸುತ್ತ ಬಂದಳು, ತಾರೀಕಿಗೆ ಎರಡು ದಿನ ಮುಂಚೆ. ಎಲ್ಲೂ ಹೊಸ ಸಾಲ ಕೇಳಲಿಲ್ಲ. ಆಗಾಗ ತನ್ನ ಸ್ಕೋರನ್ನು ತಾನೇ ಫೋನಿನಲ್ಲಿ ನೋಡುತ್ತಿದ್ದಳು. ನಾವೇ ನೋಡಿಕೊಂಡರೆ ಅದು ಇಳಿಯುವುದಿಲ್ಲವಂತೆ. ಇಳಿಯುವಾಗ ಬೇಗ ಇಳಿದದ್ದು ಏರುವಾಗ ನಿಧಾನ. ವರ್ಷ ಕಳೆದರೂ ಆರುನೂರಾ ನಲವತ್ತು ದಾಟಿರಲಿಲ್ಲ. ಹಳೆಯ ತಡಗಳು ಅಳಿಸಿಹೋಗಲು ಇನ್ನೂ ಎಷ್ಟೋ ವರ್ಷ ಬೇಕು.

ಆ ವರ್ಷವೇ ಅಮರೇಶನ ಮದುವೆಯಾಯಿತು. ಹುಡುಗಿ ಕೂಡ್ಲಿಗಿಯವಳು, ಭಾಗ್ಯ. ಖಾಸಗಿ ಶಾಲೆಯಲ್ಲಿ ಗಣಿತದ ಮೇಡಂ. ಮದುವೆಯಾಗಿ ಎರಡು ತಿಂಗಳಿಗೆ ಒಂದು ಭಾನುವಾರ ಎಲ್ಲರೂ ಊಟ ಮಾಡಿ ಪಡಸಾಲೆಯಲ್ಲಿದ್ದಾಗ ಅಮರೇಶ್ ಒಂದು ಫಾರಂ ತಂದು ಅವಳ ಮುಂದೆ ಇಟ್ಟ. ಕಾರು ಕೊಳ್ಳಬೇಕಂತೆ.

“ಇಲ್ಲೊಂದು, ಇಲ್ಲೊಂದು ಸಹಿ ಹಾಕು.”

ನಾಗಲಿಂಗಮ್ಮ ಅಡಿಕೆ ಕತ್ತರಿಸುತ್ತ, “ಹಾಕವ್ವ, ಮನಿಗೇ ಬರ್ತೈತಲ್ಲ ಕಾರು” ಎಂದಳು. ಪುಷ್ಪಲತಾ ಮಗನ ಹೋಂವರ್ಕ್ ನೋಡುತ್ತಿದ್ದವಳು ತಲೆ ಎತ್ತಿದಳು.

ಈ ಸಲ ಎದ್ದು ಹೋಗಬಾರದು ಎಂದು ನಾನು ಗಟ್ಟಿ ಮಾಡಿಕೊಂಡೆ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಭಾಗ್ಯ ಫಾರಂ ಮಡಚಿ ಗಂಡನ ಕೈಯಲ್ಲಿಟ್ಟಳು.

“ನಾ ಸಹಿ ಹಾಕಂಗಿಲ್ಲರಿ. ಕಾರು ನಿಮಗ ಬೇಕು, ನಿಮ್ಮ ಹೆಸರಿಗೇ ತಗೋರಿ. ನಿಮಗೂ ಸಂಬಳ ಐತಿ. ನನ್ನ ಹೆಸರು ನಾನು ದುಡಿದು ಮಾಡಿಕೊಂಡಿದ್ದು, ಅದು ಯಾರಿಗೂ ಎರವಲು ಇಲ್ಲ.”

“ಅಬ್ಬಾ, ಏನ್ ಮಾತು!” ಎಂದಳು ನಾಗಲಿಂಗಮ್ಮ. ಅಮರೇಶನ ಮುಖ ಕೆಂಪಾಯಿತು. “ಅಪ್ಪಾ, ನೀವಾದ್ರೂ ಹೇಳ್ರಿ ಇಕಿಗೆ” ಎಂದ.

“ಅಕಿ ಹೇಳಿದ್ದೇ ಖರೆ” ಎಂದೆ. ನನ್ನ ಧ್ವನಿ ನನಗೇ ಬೇರೆ ಕೇಳಿಸಿತು. “ನೋಡು ಭಾಗ್ಯ, ಈ ಮನಿಯಾಗ ಒಂದು ತಪ್ಪು ನಡದೈತಿ. ಪುಷ್ಪ ಬಾಣಂತಿ ಇದ್ದಾಗ ನಾನು—”

“ಗೊತ್ತೈತ್ರಿ ಮಾವ” ಎಂದಳು ಭಾಗ್ಯ. “ಮದುವಿಗೆ ಮುಂಚೇನ ಪುಷ್ಪಕ್ಕ ಫೋನ್ ಮಾಡಿ ಎಲ್ಲಾ ಹೇಳ್ಯಾಳ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಎಲ್ಲ ಗೊತ್ತಿದ್ದೂ ಈ ಮನೆಗೆ ಬಂದು, ಎರಡು ತಿಂಗಳಿಂದ ದಿನಾ ನನ್ನ ಕಾಲು ಮುಟ್ಟಿ ಶಾಲೆಗೆ ಹೋಗುತ್ತಿದ್ದಳು. ನಾನು ತಲೆ ಎತ್ತಿ ಪುಷ್ಪಲತಾಳನ್ನು ನೋಡಲು ಪ್ರಯತ್ನಿಸಿದೆ. ಆಗಲಿಲ್ಲ.