ಬಂದರೆದಿಣ್ಣೆಯ ಕೂಗು ಮತ್ತು ನಾನೆಂಬ ಗೂಡು

ಮಾಘ ಮುಗಿದು, ಚಳಿ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದ ಕಾಲ. ಬಿಸಿಲು ಗುಡಿಸಲ ಸೂರಿನಿಂದ ಅಂಗಳಕ್ಕೆ ಇಳಿಯುವ ಹೊತ್ತು. ಮೇದರ ಕೇತವ್ವನ ಎರಡು ಪಾದಗಳ ನಡುವೆ ಸಿಕ್ಕಿಕೊಂಡು ನಾನು ಹುಟ್ಟಿದೆ. ನಾನು ಒಂದು ಬಿದಿರಿನ ಗೂಡು. ಬೋರಲು ಹಾಕಿದ ಗಡಿಗೆಯಂಥ ಬೆನ್ನು, ಬಿಗಿಯಾದ ಅಡಿ, ಪಕ್ಕಕ್ಕೆ ಒಂದು ಗೇಣಿನ ಬಾಗಿಲು, ನೆತ್ತಿಯ ಮೇಲೆ ಹಿಡಿದೆತ್ತಲು ಒಂದು ಬಳೆ. ನೋಡಲು ಚೆನ್ನಾಗಿಯೇ ಇದ್ದೆ.

ನನ್ನನ್ನು ಮಾಡಿಸಿದವನು ಗಾದ್ರಪ್ಪ. ಅವನು ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಎಳೆಯುತ್ತಿದ್ದ. ಕೇತವ್ವ ಕೊನೆಯ ಎಳೆ ಸಿಕ್ಕಿಸಿ, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಕೇಳಿದಳು: "ದೀವಕ್ಕೇನೋ?"

"ಹೂಂ ಕಣವ್ವ, ದೀವಕ್ಕೆ."

"ಮೊದ್ಲೇ ಹೇಳಿದ್ರೆ ಎಳೆ ಇಷ್ಟು ನಯ ಮಾಡ್ತಿರ್ಲಿಲ್ಲ" ಎಂದು ನನ್ನನ್ನು ಅವನತ್ತ ಕಾಲಿನಿಂದಲೇ ತಳ್ಳಿದಳು. ಹುಟ್ಟಿದ ದಿನವೇ ನನಗೆ ಸಿಕ್ಕ ಮರ್ಯಾದೆ ಅದು. ಅವಳು ಯಾಕೆ ಹಾಗೆ ಮಾಡಿದಳೆಂದು ನನಗೆ ತಿಳಿಯಲು ಒಂದು ವಾರ ಬೇಕಾಯಿತು.

ದೀವ ಅಂದರೆ ತನ್ನ ಜಾತಿಯ ಹಕ್ಕಿಯನ್ನು ಕರೆಯಲಿಕ್ಕೆಂದೇ ಮನುಷ್ಯ ಸಾಕಿದ ಹಕ್ಕಿ. ಗಾದ್ರಪ್ಪನ ದೀವ ಒಂದು ಗೌಜಲಹಕ್ಕಿ. ಹುಂಜ. ಅದಕ್ಕೆ ಜಂಬ ಎಂದು ಹೆಸರಿಟ್ಟಿದ್ದ. ಮೊಟ್ಟೆಯೊಡೆದ ಮಾರನೆಯ ದಿನದಿಂದ ಗೆದ್ದಲು ತಿನ್ನಿಸಿ, ಎದೆಯ ಮೇಲೆ ಮಲಗಿಸಿಕೊಂಡು ಬೆಳೆಸಿದ್ದನಂತೆ. ಆ ಜಂಬನನ್ನು ನನ್ನೊಳಗೆ ಬಿಟ್ಟು, ಮೇಲೆ ಕರಿ ಬಟ್ಟೆ ಹೊದಿಸಿ, ಕೋಲಿನ ತುದಿಗೆ ನೇತುಹಾಕಿಕೊಂಡು ಹೊರಡುತ್ತಿದ್ದ. ಬಟ್ಟೆ ಇರುವವರೆಗೆ ಹಕ್ಕಿ ಬಾಯಿ ಬಿಡುವುದಿಲ್ಲ.

ಬೇವು ಹೂ ಬಿಡುವ ಕಾಲಕ್ಕೆ ಗೌಜಲಹಕ್ಕಿಯ ಹುಂಜಕ್ಕೆ ಹುಚ್ಚು ಹಿಡಿಯುತ್ತದೆ. ಇಷ್ಟು ಪೊದೆ ನನ್ನದು, ಇಷ್ಟು ನೆಲ ನನ್ನದು ಎಂದು ಮೂಡಲು ಕೆಂಪಾಗುವ ಮೊದಲೇ ಹುತ್ತದ ಮೇಲೆ ನಿಂತು ಕೂಗುತ್ತದೆ. ಕಟೀತರ್, ಕಟೀತರ್. ಗಾದ್ರಪ್ಪ ನನ್ನನ್ನು ಆ ನೆಲದ ನಟ್ಟನಡುವೆ ಇಟ್ಟು, ಸುತ್ತ ಕುದುರೆ ಬಾಲದ ಕೂದಲಿನ ಉರುಲು ನೆಟ್ಟು, ಬಟ್ಟೆ ತೆಗೆದು ಪೊದೆಯ ಹಿಂದೆ ಕೂರುತ್ತಿದ್ದ. ಜಂಬ ಕೂಗುತ್ತಿತ್ತು. ಯಾವನಿವನು ನನ್ನ ನೆಲದಲ್ಲಿ ಎಂದು ಆ ನೆಲದ ಹುಂಜ ಕತ್ತು ಉಬ್ಬಿಸಿಕೊಂಡು ಓಡಿ ಬರುತ್ತಿತ್ತು. ನನ್ನ ಕಡ್ಡಿಗಳನ್ನು ಕಾಲಲ್ಲಿ ಒದೆಯಬೇಕು, ಅಷ್ಟರಲ್ಲಿ ಉರುಲು ಬಿಗಿಯುತ್ತಿತ್ತು. ಗಾದ್ರಪ್ಪ ಎದ್ದು ಬಂದು ಅದರ ಕತ್ತು ತಿರುಚುತ್ತಿದ್ದ. ಒಣಕಡ್ಡಿ ಮುರಿದಷ್ಟೇ ಸದ್ದು. ಒಳಗೆ ಜಂಬ ರೆಕ್ಕೆ ಬಡಿದು ಇನ್ನೂ ಜೋರಾಗಿ ಕೂಗುತ್ತಿತ್ತು, ತಾನೇ ಗೆದ್ದೆ ಎಂದು. ಆ ಕೂಗು ನನ್ನ ಪಕ್ಕೆಗಳ ಒಳಗಿಂದಲೇ ಹೊರಡುತ್ತಿತ್ತು. ಎಂಜಲು ಕುಡಿದ ಹಾಗಾಗುತ್ತಿತ್ತು ನನಗೆ.

ಗಾದ್ರಪ್ಪ ಒಳ್ಳೆಯವನೆಂದು ನಾನು ಹೇಳುವುದಿಲ್ಲ. ಆದರೆ ಅವನಿಗೆ ನೆಲ ನೋಡುವುದು ಗೊತ್ತಿತ್ತು. ಹೊಸ ಕಡೆ ಹೋದರೆ ಮೊದಲ ದಿನ ನನ್ನ ಬಟ್ಟೆ ತೆಗೆಯುತ್ತಲೇ ಇರಲಿಲ್ಲ. ಕಿವಿಯಿಂದ ನೆಲ ನೋಡುತ್ತಿದ್ದ. ಎಷ್ಟು ಹುಂಜ ಕೂಗಿದವು, ಯಾವ ಬದುವಿನಿಂದ ಯಾವ ಬದುವಿಗೆ. ಆಮೇಲೆ ಬಗ್ಗಿ ಬಗ್ಗಿ ಹಕ್ಕಿಗಳು ಮಣ್ಣು ಮೀಯುವ ಗುಳಿ ಹುಡುಕುತ್ತಿದ್ದ. ಜಾಲಿ ಮರದ ಬುಡದಲ್ಲಿ ಹಿಕ್ಕೆ ಮುಟ್ಟಿ, ನಿನ್ನೆಯದೋ ಮೊನ್ನೆಯದೋ ಹೇಳುತ್ತಿದ್ದ. ನೀರು ಎಷ್ಟು ದೂರ, ಮರೆ ಎಷ್ಟು, ಹೊಲದವರ ನಾಯಿ ಎಂಥದು, ಎಲ್ಲ. ನಾಲ್ಕು ಕೂಗಿಗಿಂತ ಕಡಿಮೆ ಇದ್ದರೆ ಎದ್ದು ಬರುತ್ತಿದ್ದ. ಎಷ್ಟೇ ಹಕ್ಕಿ ಇರಲಿ, ಕೊನೆಯ ಹುಂಜವನ್ನು ಹಿಡಿಯುತ್ತಿರಲಿಲ್ಲ. ಆ ಹುಂಜಕ್ಕೆ ಹಕ್ಕಿ ಹಿಡಿಯುವ ಅವನ ಜನ ನೆಲದ ಕೂಗು ಅನ್ನುತ್ತಾರೆ. ಕೂಗುವ ಒಂದು ಹುಂಜ ಇದ್ದರೆ ಅದನ್ನು ಕೇಳಿಕೊಂಡು ಹೆಣ್ಣು ಬರುತ್ತದೆ, ಅದರ ಮೇಲೆ ಜಗಳಕ್ಕೆ ಬೇರೆ ಹುಂಜ ಬರುತ್ತದೆ, ನೆಲ ಮತ್ತೆ ತುಂಬುತ್ತದೆ. ನೆಲದ ಕೂಗನ್ನು ಮುಗಿಸಿದವನ ಕೈಯ ನೀರನ್ನು ಅವನ ಮನೆಯವರೂ ಕುಡಿಯಬಾರದು ಎಂಬುದು ಅವರ ಕಟ್ಟಳೆ.

ವರ್ಷ ಕಳೆದ ಹಾಗೆ ನೆಲ ಕಡಿಮೆಯಾಯಿತು. ಒಂದು ಕಡೆ ಕುರುಚಲು ಸವರಿ ಕಡಲೆಕಾಯಿ ಹಾಕಿದರು. ಇನ್ನೊಂದು ಕಡೆ ಕಲ್ಲು ಒಡೆಯುವವರು ಬಂದರು. ಮತ್ತೊಂದು ಕಡೆ, "ನಿಮ್ಮೋರೇ ಬಂದು ಕೋಳಿ ಹೊತ್ಕಂಡು ಹೋದ್ರು, ಇನ್ನು ಕಾಲಿಟ್ರೆ ನೋಡು" ಎಂದು ಬೈದು ಕಳಿಸಿದರು. ಕೊನೆಗೆ ಉಳಿದದ್ದು ಬಂದರೆದಿಣ್ಣೆ ಒಂದೇ. ಊರಿನಿಂದ ಕೂಗಳತೆಯಲ್ಲಿ, ಬಂದರೆ ಗಿಡ, ಕಾರೆ ಗಿಡ ಬೆಳೆದ ಒಂದು ಏರು. ಅದು ಸಾಕಮ್ಮನದು. ಗಂಡ ಸತ್ತ ಮೇಲೆ ತಾನೇ ನೇಗಿಲು ಕಟ್ಟಿಸಿ ಬೇಸಾಯ ಮಾಡಿದ ಹೆಂಗಸು.

ಗಾದ್ರಪ್ಪ ಅವಳ ಕಣದಲ್ಲಿ ಟವೆಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದು ನನಗೆ ನೆನಪಿದೆ. ಸಾಕಮ್ಮ ರಾಗಿ ತೂರುತ್ತಾ ಅವನ ಮುಖ ನೋಡದೆ ಹೇಳಿದಳು:

"ಬೆಳಗ್ಗೆ ಏಳೋದೇ ನಾನು ಆ ಹಕ್ಕಿ ಕೂಗಿಗೆ. ಬಂದು ಹಿಡ್ಕೋ ಹೋಗು, ನಾನು ಬ್ಯಾಡ ಅನ್ನಲ್ಲ. ಕೂಗು ನಿಂತ್ರೆ ಮಾತ್ರ ನಿನ್ನ ಮನೆ ಬಾಗಿಲಿಗೆ ಬತ್ತೀನಿ."

"ಕೂಗು ನಿಲ್ಲಲ್ಲ ಅಮ್ಮ. ನಾನು ಇರೋಗಂಟ ನಿಲ್ಲಲ್ಲ" ಎಂದು ಗಾದ್ರಪ್ಪ ಅವಳ ಕಣದ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡ. ಅವನು ಜೀವನದಲ್ಲಿ ಯಾರಿಗೂ ಬರವಣಿಗೆಯಲ್ಲಿ ಏನೂ ಕೊಟ್ಟವನಲ್ಲ. ಕೊಟ್ಟದ್ದು ಆ ಒಂದು ಮಾತು. ಹನ್ನೊಂದು ವರ್ಷ ಅದನ್ನು ಉಳಿಸಿಕೊಂಡ.

ಆಮೇಲೆ ಜಂಬ ಮುದಿಯಾಗಿ ನನ್ನೊಳಗೇ ಸತ್ತಿತು. ಅದರ ಹಿಂದೆಯೇ ಗಾದ್ರಪ್ಪನ ಮಂಡಿ ಹಿಡಿದುಕೊಂಡಿತು. ಅಳಿಯ ಸಣ್ಣಪಾಲ ಮನೆಯಲ್ಲೇ ಇದ್ದ. ನಾನು ಅವನ ಕೈಗೆ ಬಿದ್ದೆ.

ಅವನ ಕೈ ಸೇರಿದ ಮೇಲಿನದನ್ನು ಹೇಳಲು ನನಗೆ ಹೇಸಿಗೆ. ಗಾದ್ರಪ್ಪ ವಾರಕ್ಕೊಮ್ಮೆ ನನ್ನನ್ನು ತೊಳೆದು ಬೂದಿ ಹಾಕಿ ಒಣಗಿಸುತ್ತಿದ್ದ. ಸಣ್ಣಪಾಲ ತೊಳೆಯಲಿಲ್ಲ. ಹಿಕ್ಕೆಯ ಮೇಲೆ ಹಿಕ್ಕೆ ಒಣಗಿ ನನ್ನ ಅಡಿ ಸಿಮೆಂಟಿನ ಹಾಗಾಯಿತು. ಪೇಟೆಯ ಮಿಲಿಟರಿ ಹೋಟೆಲಿನವರಿಗೆ ಜೀವದ ಹಕ್ಕಿಯೇ ಬೇಕು. ಅದಕ್ಕೆ ಅವನು ಹಿಡಿದ ಹಕ್ಕಿಗಳು ಒದ್ದಾಡದಿರಲೆಂದು ಅವುಗಳ ರೆಪ್ಪೆಯನ್ನು ದಾರ ಹಾಕಿ ಹೊಲಿಯುತ್ತಿದ್ದ. ಗೋಣಿಚೀಲ ಹೊಲಿಯುವ ಹಾಗೆ, ಹಾಡು ಗುನುಗುತ್ತಾ. ಹೊಲಿದ ಹಕ್ಕಿಗಳನ್ನು ಐದಾರು ಒಟ್ಟಿಗೆ ನನ್ನೊಳಗೆ ತುರುಕಿ ಲಾರಿ ಹತ್ತಿಸುತ್ತಿದ್ದ. ಹೋಟೆಲಿನ ಹಿತ್ತಲಲ್ಲಿ ನನ್ನನ್ನು ಚರಂಡಿಯ ಪಕ್ಕ ಇಡುತ್ತಿದ್ದರು. ಒಳಗೆ ಉಣ್ಣುವವರು ಮೂಳೆ ಚೀಪುವ ಸದ್ದು ಕೇಳಿಸುತ್ತಿತ್ತು. ಒಬ್ಬ ಪ್ರತಿ ಸಲವೂ ತೇಗಿ ಹೇಳುತ್ತಿದ್ದ: "ಕಾಡಿನದು ಕಾಡಿನದೇ ಕಣ್ರೀ." ಅವನ ಮುಖ ನಾನು ನೋಡಲಿಲ್ಲ. ಅಷ್ಟು ಪುಣ್ಯ ಮಾಡಿದ್ದೆ.

ಸಂತೆಯಿಂದ ಒಂದು ಹೊಸ ದೀವದ ಹುಂಜ ತಂದು ಸಣ್ಣಪಾಲ ನನ್ನೊಳಗೆ ಬಿಟ್ಟ. ಅದಕ್ಕೆ ಹೆಸರಿಡಲಿಲ್ಲ. ಮನೆಯಲ್ಲಿ ಸದಾ ಬಟ್ಟೆ ಹೊದಿಸಿಯೇ ಇಡುತ್ತಿದ್ದ, ಹಾಗಾಗಿ ಗಾದ್ರಪ್ಪ ಅದರ ದನಿ ಒಂದು ದಿನವೂ ಕೇಳಲಿಲ್ಲ.

ಆ ವರ್ಷ ಯುಗಾದಿಗೆ ಎಂಟು ದಿನ ಮುಂಚೆ ಸಣ್ಣಪಾಲ ನನ್ನನ್ನು ಬಂದರೆದಿಣ್ಣೆಗೆ ಒಯ್ದ. ಅಲ್ಲಿ ಕೂಗುತ್ತಿದ್ದದ್ದು ಒಂದೇ ಹುಂಜ. ನಾನು ಇವನು ತಿರುಗಿ ಹೋಗುತ್ತಾನೆ ಅಂದುಕೊಂಡೆ. ಅವನು ಉರುಲು ನೆಟ್ಟ. ಮುಕ್ಕಾಲು ಗಳಿಗೆಯಲ್ಲಿ ಬಂದರೆದಿಣ್ಣೆ ಸುಮ್ಮನಾಯಿತು.

ಮಾರನೆಯ ಬೆಳಿಗ್ಗೆ ಗಾದ್ರಪ್ಪ ಜಗಲಿಯ ಮೇಲೆ ದಿಣ್ಣೆಯ ಕಡೆ ಕಿವಿ ಕೊಟ್ಟು ಕೂತಿದ್ದ. ಹಲ್ಲುಜ್ಜಲಿಲ್ಲ, ನೀರು ಕುಡಿಯಲಿಲ್ಲ.

"ಸಣ್ಣಪಾಲ, ಇವತ್ತು ದಿಣ್ಣೆ ಕೂಗ್ಲಿಲ್ಲ."

"ಗಾಳಿ ಆ ಕಡೀಗೈತೆ ಮಾವ."

"ಗಾಳಿನಾ. ನಾಳೆನೂ ಕೂಗದಿದ್ರೆ ಸಾಕಮ್ಮನ ತಾವ ಹೋಗಿ ಕಾಲು ಹಿಡೀಬೇಕು ನಾನು. ಮಣ್ಣು ಮುಟ್ಟಿ ಹೇಳಿದ್ದೀನಿ."

ಸಣ್ಣಪಾಲ ತಲೆ ಕೆರೆದುಕೊಂಡ. ಮುದುಕ ಹೋಗಿ ಒಪ್ಪಿಕೊಂಡರೆ ದಿಣ್ಣೆಯೂ ಹೋಯಿತು, ಮನೆಯಲ್ಲಿ ತನ್ನ ಕೈಯ ನೀರೂ ಹೋಯಿತು. ಅವನಿಗೆ ಹೊಳೆದ ಉಪಾಯವೇ ನಾನು. ಮಾರನೆಯ ದಿನ ನಸುಕಿನಲ್ಲೇ, ದೂರದ ನೆಲಕ್ಕೆ ಹೋಗುತ್ತೇನೆಂದು ಹೇಳಿ, ನನ್ನನ್ನು ಬಂದರೆದಿಣ್ಣೆಯ ಹುತ್ತದ ಪಕ್ಕ ಇಟ್ಟು ಬಟ್ಟೆ ತೆಗೆದ. ಸಂತೆಯ ಹುಂಜ ಕೂಗಿತು. ಊರಿನಲ್ಲಿ ಗಾದ್ರಪ್ಪ ಎದ್ದು ಮುಖ ತೊಳೆದ. ಸಾಕಮ್ಮ ಎದ್ದು ದನಕ್ಕೆ ಹುಲ್ಲು ಹಾಕಿದಳು. ಹೀಗೆ ದಿನಾ. ನನ್ನ ಸುತ್ತ ಉರುಲೂ ಇರುತ್ತಿತ್ತು. ದಾರಿಹೋಕ ಹುಂಜ ಬಂದರೆ ಅದೂ ಆಯಿತಲ್ಲ ಎಂದು ಸಣ್ಣಪಾಲನ ಲೆಕ್ಕ. ಒಂದು ಹಕ್ಕಿಯೂ ಬರಲಿಲ್ಲ. ಸತ್ತವನ ದನಿ ಮಾಡಿ ಮನೆಯವರನ್ನು ಮಾತಾಡಿಸುವ ಕೆಲಸಕ್ಕೆ ನನ್ನನ್ನು ನಿಲ್ಲಿಸಿದ್ದ. ಹರಿದು ಹೋಗಬಾರದೇ ನನ್ನ ಹೆಣಿಗೆ ಎಂದುಕೊಳ್ಳುತ್ತಿದ್ದೆ. ಕೇತವ್ವ ಎಳೆ ನಯ ಮಾಡಿದ್ದಳು, ಹರಿಯಲಿಲ್ಲ.

ಯುಗಾದಿ ಕಳೆದು ಹತ್ತು ದಿನಕ್ಕೆ ದಿಣ್ಣೆಯ ಆಚೆ ಮಗ್ಗುಲಿಂದ ಇನ್ನೊಂದು ಹುಂಜ ಕೂಗಿತು. ನನ್ನೊಳಗಿನದು ಎದ್ದು ನಿಂತು ಉತ್ತರ ಕೊಟ್ಟಿತು. ಅದು ಮತ್ತೆ ಕೂಗಿತು. ಸಣ್ಣಪಾಲ ಪೊದೆಯಲ್ಲಿ ಉಸಿರು ಬಿಗಿಹಿಡಿದು ಕೂತ. ಬಿಸಿಲು ಏರಿತು, ಹಕ್ಕಿ ಬರಲಿಲ್ಲ. ಎರಡನೆಯ ದಿನವೂ ಅಷ್ಟೇ. "ಕಿಲಾಡಿ ನನ್ಮಗ" ಎಂದು ತನ್ನಲ್ಲೇ ಬೈದುಕೊಂಡ.

ಮೂರನೆಯ ದಿನ ಗಾದ್ರಪ್ಪ ಕೋಲೂರಿಕೊಂಡು ಸಾಕಮ್ಮನ ಮನೆಗೆ ಹೋದನಂತೆ. "ಅಮ್ಮ, ಎರಡಾಗವೆ. ಕೇಳಿದ್ಯಾ? ದಿಣ್ಣೆ ತುಂಬ್ತಾ ಐತೆ" ಎಂದನಂತೆ. ಸಾಕಮ್ಮನೂ ಕೇಳಿದ್ದಳು. ನಡಿ ನೋಡೋಣ ಎಂದು ಇಬ್ಬರೂ ಏರು ಹತ್ತಿದರು. ನಾನು ಕಂಡದ್ದು ಮೊದಲು ಗಾದ್ರಪ್ಪನ ಕೋಲಿನ ತುದಿ, ಆಮೇಲೆ ಅವನ ಪಾದ, ಆಮೇಲೆ ಬಗ್ಗಿದ ಅವನ ಮುಖ. ಆ ಮುಖದಲ್ಲಿ ನಗೆ ಇತ್ತು. ಮದುವೆ ಮನೆಗೆ ಬಂದವನ ನಗೆ. ನನ್ನನ್ನು ಕಂಡು ಅದು ಅಲ್ಲೇ ಉಳಿಯಿತು, ತೆಗೆಯಲು ಮರೆತವನ ಹಾಗೆ.

ಆಚೆ ಮಗ್ಗುಲಲ್ಲಿ, ಇಪ್ಪತ್ತು ಮಾರು ದೂರದಲ್ಲಿ, ನನ್ನಂಥದೇ ಇನ್ನೊಂದು ಗೂಡು. ಅದರೊಳಗೂ ಒಂದು ಹುಂಜ. ಅದರ ಸುತ್ತಲೂ ಉರುಲು. ಅದರ ಹಿಂದಿನ ಪೊದೆಯಿಂದ ಪಕ್ಕದ ಊರಿನ ಜವನಯ್ಯ ಪಂಚೆ ಸರಿಮಾಡಿಕೊಳ್ಳುತ್ತಾ ಎದ್ದ.

"ಇವ್ನದಾ ಕೂಗ್ತಿದ್ದದ್ದು? ಮೂರು ದಿನದಿಂದ ನುಸಿ ಕೈಲಿ ಕಡಿಸ್ಕಂಡು ಕುಂತಿದ್ದೀನಲ್ಲಪ್ಪ. ಒಳ್ಳೆ ನೆಲ, ಇನ್ನೂ ಕೂಗು ಐತೆ ಅಂತ ಬಂದೆ."

"ನಾನೂ ನಿಂದನ್ನೇ ಕಾಯ್ತಿದ್ದೆ" ಎಂದ ಸಣ್ಣಪಾಲ ಈ ಕಡೆ ಪೊದೆಯಿಂದ.

ಸಾಕಮ್ಮ ಒಂದು ಗೂಡು ನೋಡಿದಳು, ಇನ್ನೊಂದು ಗೂಡು ನೋಡಿದಳು. "ಚೆನ್ನಾಗೈತೆ. ನನ್ನ ಹೊಲದಾಗೆ ಬುಟ್ಟಿಗಳು ಕೂಗ್ತವೆ" ಎಂದಳು.

ಗಾದ್ರಪ್ಪ ಅಳಿಯನನ್ನು ಕೇಳಿದ: "ನೆಲದ ಕೂಗು ಎಲ್ಲೋ?"

"ಒಂದು ಹಕ್ಕಿ ಮಾವ. ಒಂದಕ್ಕೆ ಇಷ್ಟು ಯಾಕೆ."

"ಎಲ್ಲಿ ಅಂದೆ."

ಸಣ್ಣಪಾಲ ಪೇಟೆಯ ದಾರಿಯ ಕಡೆ ಮುಖ ತಿರುಗಿಸಿದ. ಗಾದ್ರಪ್ಪ ಹೊಡೆಯಲಿಲ್ಲ. ಕಷ್ಟಪಟ್ಟು ನೆಲಕ್ಕೆ ಕೂತು ನನ್ನ ಬಾಗಿಲು ತೆಗೆದ. ಸಂತೆಯ ಹುಂಜ ಹೊರಗೆ ಕತ್ತು ಹಾಕಿ ನೋಡಿ, ತಿರುಗಿ ಒಳಗೆ ಬಂದು ಹಿಕ್ಕೆಯ ಮೇಲೆ ಕೂತಿತು. "ಥೂ" ಎಂದ ಗಾದ್ರಪ್ಪ. ಯಾರಿಗೆ ಅಂದನೋ. ಅಳಿಯನಿಗೂ ಜವನಯ್ಯನಿಗೂ ತನಗೂ ನನಗೂ ಸೇರಿಸಿ ಅಂದ ಹಾಗಿತ್ತು. ಆ ಹುಂಜವನ್ನು ಹಿಡಿದು ಜವನಯ್ಯನ ಕೈಗೆ ಕೊಟ್ಟು, ಸಾಕಮ್ಮನ ಕಡೆ ತಿರುಗಿದ.

"ಕೂಗು ನಾನೇ ತಂದು ಬಿಡ್ತೀನಿ ಅಮ್ಮ."

"ತಂದು ಬಿಡಾಕೆ ಅದೇನು ಎರವಲು ಬೆಂಕಿನಾ" ಎಂದಳು ಸಾಕಮ್ಮ. ಆದರೆ ಬೇಡ ಅನ್ನಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಸಣ್ಣಪಾಲನ ಕೈಯ ನೀರನ್ನು ಮಾವ ಕುಡಿಯಲಿಲ್ಲ, ಹೆಂಡತಿಯೂ ಕುಡಿಯಲಿಲ್ಲ. ಅವನು ತನ್ನ ಅಣ್ಣನ ಊರು ಸೇರಿದ. ಅಲ್ಲಿಯೂ ರೆಪ್ಪೆ ಹೊಲಿಯುತ್ತಿದ್ದಾನೋ ಏನೋ.

ಗಾದ್ರಪ್ಪ ನನ್ನನ್ನು ಕೆರೆಯಲ್ಲಿ ನೆನೆಹಾಕಿ, ಕಲ್ಲಿನಿಂದ ಉಜ್ಜಿ ತೊಳೆದ. ಮಂಡಿಗೆ ಎಕ್ಕದೆಲೆ ಕಟ್ಟಿಕೊಂಡು ಎರಡು ದಿನದ ದಾರಿ ನಡೆದ. ಏಳು ಕೂಗಿನ ನೆಲ ಸಿಗುವವರೆಗೆ ನಿಲ್ಲಲಿಲ್ಲ. ದೀವವಿಲ್ಲದೆ, ಮಣ್ಣು ಮೀಯುವ ಗುಳಿಯ ಪಕ್ಕ ಉರುಲು ಹಾಕಿ ಐದು ದಿನ ಕಾದು ಒಂದು ಜೋಡಿ ಹಿಡಿದ. ಬರುವಾಗ ಬಿಸಿಲು ತಾಕದ ಹಾಗೆ ನನಗೆ ತನ್ನ ಟವೆಲು ಹೊದಿಸಿ, ತಾನು ಬರಿತಲೆಯಲ್ಲಿ ಬಂದ.

ಗಾದ್ರಪ್ಪ ನನ್ನನ್ನು ಮತ್ತೆ ಮನೆಗೆ ಒಯ್ಯಲಿಲ್ಲ. ಈಗ ನಾನು ಸಾಕಮ್ಮನ ಕೊಟ್ಟಿಗೆಯ ಅಟ್ಟದಲ್ಲಿದ್ದೇನೆ. ಜೇಡ ನನ್ನ ಬಾಗಿಲಿಗೆ ಬಲೆ ಕಟ್ಟಿದೆ. ಕಡ್ಡಿಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತಿವೆ, ಬಿಟ್ಟುಕೊಳ್ಳಲಿ. ನನ್ನನ್ನು ತೊಳೆದದ್ದಕ್ಕೆ ನಾನು ಶುದ್ಧವಾದೆ ಎಂದು ನನಗೆ ಅನ್ನಿಸಿಲ್ಲ. ಬಿದಿರಾಗಿ ಮೆಳೆಯಲ್ಲೇ ಒಣಗಿದ್ದರೆ ಯಾವ ಹಕ್ಕಿಯೋ ಬಂದು ಕೂರುತ್ತಿತ್ತು, ತನ್ನಿಷ್ಟ ಬಂದಾಗ ಹಾರಿಹೋಗುತ್ತಿತ್ತು. ಮನುಷ್ಯ ನನ್ನನ್ನು ಬಾಗಿಲಿರುವ ವಸ್ತುವಾಗಿ ಮಾಡಿದ. ಅದಕ್ಕಾಗಿ ಅವನ ಮೇಲಿನ ನನ್ನ ಹೇಸಿಗೆ ಕಡಿಮೆಯಾಗಿಲ್ಲ. ಗಾದ್ರಪ್ಪನನ್ನೂ ಅದರಿಂದ ಪೂರ್ತಿ ಹೊರಗಿಟ್ಟಿಲ್ಲ. ಆದರೂ ಆ ಜೋಡಿಯನ್ನು ತಂದು ಬಿಟ್ಟು ಅವನು ದಿಣ್ಣೆಯ ಮೇಲೆ ಕೂತಿದ್ದ ಮೂರು ಬೆಳಗು ನೆನಪಾದರೆ ನಾನು ಬೈಯುವುದನ್ನು ನಿಲ್ಲಿಸುತ್ತೇನೆ.

ಸೋಮವಾರ ಬೆಳಿಗ್ಗೆ ಅವನು ಬಂದರೆದಿಣ್ಣೆಯಲ್ಲಿ ನನ್ನ ಬಾಗಿಲು ತೆಗೆದ. ಸಾಕಮ್ಮ ಒಂದು ಹಿಡಿ ನವಣೆ ಚೆಲ್ಲಿದಳು. ಜೋಡಿ ಹೊರಬಂದು ಕಾರೆ ಗಿಡದ ಬುಡ ಸೇರಿತು. ಹುಂಜ ಹುತ್ತ ಹತ್ತಿ ನಿಂತು ಕಿವಿ ಕೊಟ್ಟಿತು. ಗೌಜಲಹಕ್ಕಿ ಸುಮ್ಮನೆ ಕೂಗುವುದಿಲ್ಲ. ನನ್ನ ನೆಲ ಎಂದು ಕೂಗಬೇಕಾದರೆ ಇಲ್ಲ ನನ್ನದು ಎನ್ನುವ ಇನ್ನೊಂದು ದನಿ ಎಲ್ಲಾದರೂ ಇರಬೇಕು. ಯಾವ ಕಡೆಯಿಂದಲೂ ದನಿ ಬರಲಿಲ್ಲ. ಅದು ಕೂಗದೆ ಇಳಿಯಿತು. ಮಂಗಳವಾರವೂ ಹತ್ತಿತು, ಕೇಳಿತು, ಇಳಿಯಿತು. ಗಾದ್ರಪ್ಪನಿಗೆ ಹುಂಜದ ಹಾಗೆ ಸಿಳ್ಳೆ ಹಾಕಲು ಬರುತ್ತಿತ್ತು. ಒಮ್ಮೆ ತುಟಿ ಕೂಡಿಸಿದ. ಸಾಕಮ್ಮ ನೋಡುತ್ತಿದ್ದಳು. ಅವನು ತುಟಿ ಒರೆಸಿಕೊಂಡ.

ಮಾರನೆಯ ದಿನ ಬಿಸಿಲು ಬೀಳುವ ಹೊತ್ತಿಗೆ ಹುಂಜ ಮುಂದೆ, ಹೆಣ್ಣು ಹಿಂದೆ, ಬದುವಿನ ಮೇಲೆ ಸಾಲಾಗಿ ನಡೆದವು. ಬೇಲಿಯ ಹತ್ತಿರ ಹೆಣ್ಣು ಒಂದು ಕಾಳು ಕುಕ್ಕಿತು. ಆಮೇಲೆ ಎರಡೂ ಮುಳ್ಳಿನ ಕೆಳಗೆ ನುಸುಳಿ, ತಾವು ಬಂದ ದಿಕ್ಕಿಗೆ ಹೋದವು.

"ಹೋದ್ವಾ?" ಎಂದಳು ಸಾಕಮ್ಮ.

"ಹೋದ್ವು ಅಮ್ಮ" ಎಂದ ಗಾದ್ರಪ್ಪ.

ಅವತ್ತು ಬುಧವಾರ.