ಇರುವೆ ಸಾಲಿನ ದಡಿ

ಮುಂಜಾನೆ ಎಲ್ಲರಿಗಿಂತ ಮೊದಲು ಬಂದು, ಹಳೆಯ ಹತ್ತಿ ಬಟ್ಟೆಯಿಂದ ಕಂಪ್ಯೂಟರುಗಳ ಪರದೆ ಒರೆಸುತ್ತಿದ್ದೆ. ಮಾತಾಡಲು ಯಾರೂ ಇರುತ್ತಿರಲಿಲ್ಲ. ಇದ್ದರೂ ನಾನು ಮಾತಾಡುವವಳಲ್ಲ. ಆಮೇಲೆ ಒಂದೊಂದನ್ನೂ ನಮಗೆ ಕೆಲಸ ಕಲಿಸುತ್ತಿದ್ದ ದ್ಯಾಮಣ್ಣನ ಹೆಸರು ಹಾಕಿ ತೆರೆಯುತ್ತಿದ್ದೆ. ನಮ್ಮ ನೇಕಾರರ ಸಂಘದಲ್ಲಿ ಸೀರೆಯ ವಿನ್ಯಾಸ ಬರೆಯುವ ನಕ್ಷೆ ಕೋಣೆಯಲ್ಲಿ ಅದೇ ರೂಢಿ. ಮೊದಲ ಕಂಪ್ಯೂಟರು ಬಂದಾಗ ಅಲ್ಲಿದ್ದವನು ಅವನೊಬ್ಬನೇ. ಹಾಗಾಗಿ ಯಾರು ಏನು ಬರೆದರೂ ಫೈಲಿನ ಒಡೆಯ ದ್ಯಾಮಣ್ಣ ಎಂದೇ ದಾಖಲಾಗುತ್ತಿತ್ತು.

ಶಾಲೆ ಬಿಟ್ಟ ನಾನು ಕಲಿಯಲೆಂದು ಅಲ್ಲಿ ಸೇರಿದ್ದೆ. ಗೋಡೆಯ ಮೇಲೆ ಮೊಟ್ಟೆ ಹೊತ್ತು ಸಾಗುವ ಇರುವೆಗಳನ್ನು ನೋಡಿ ನೋಡಿ ಸೀರೆಯ ಅಂಚಿಗೊಂದು ದಡಿ ಬರೆದೆ: ಕೆಂಪಿನ ಮೇಲೆ ಕಪ್ಪು ಇರುವೆಗಳ ಸಾಲು. ಕಲಿಯಲು ಬಂದವರಲ್ಲಿ ಯಾರ ದಡಿ ಆಯ್ಕೆಯಾಗುವುದೋ ಅವರಿಗೆ ಕಾಯಂ ಕೆಲಸ, ಉಳಿದವರು ಮನೆಗೆ.

ಆಯ್ಕೆಯ ಸಭೆಯಲ್ಲಿ ಸಂಘದ ಅಧ್ಯಕ್ಷ ಸಂಗನಬಸಪ್ಪನವರು ಪರದೆಯ ಮೇಲಿದ್ದ ನನ್ನ ದಡಿಯನ್ನೇ ತೋರಿಸಿದರು.

"ಇದ ಆಗಲಿ. ಶಾಭಾಷ್, ದ್ಯಾಮಣ್ಣ!"

"ನಾ ಎಲ್ಲಿ ಮಾಡೀನ್ರಿ? ನಾ ಬರೇ ತಿದ್ದೀನಿ."

"ಕಂಪ್ಯೂಟರು ನಿನ್ನ ಹೆಸರ ಹೇಳಾಕತ್ತೈತಲ್ಲೋ."

"ಅದಕ್ಕೇನ ತಿಳೀತೈತ್ರಿ! ಕಾಶವ್ವ ಮಗಳ ಮದುವಿ ಪತ್ರಿಕಿ ಮಾಡಿದ್ಳು, ಅದೂ ನನ್ನ ಹೆಸರಿಲೇ ಐತಿ. ಹಂಗಂತ ಬೀಗರು ನನ್ನ ಕೇಳಾಕ ಬಂದಾರೇನು?"

"ಬಂದ್ರ ಭಾಂಡಿ ತಿಕ್ಕಾಕ ಕರೀತಾರ ನಿನ್ನ," ಎಂದಳು ಅವನ ಪಕ್ಕದಲ್ಲಿ ಕೂತಿದ್ದ, ನಮ್ಮ ಕೋಣೆಯಲ್ಲೇ ಕೆಲಸ ಮಾಡುವ ಕಾಶವ್ವ. ಎಲ್ಲರೂ ನಕ್ಕರು.

"ಹಂಗಾದ್ರ ಇದು ಯಾರದು?" ಎಂದರು ಅಧ್ಯಕ್ಷರು.

ದ್ಯಾಮಣ್ಣ ನನ್ನತ್ತ ನೋಡಲಿಲ್ಲ. ನಾನೇ ಹೇಳಲಿ ಎಂದು ಕಾಯುತ್ತಿದ್ದನೆಂದು ಆಮೇಲೆ ತಿಳಿಯಿತು. ನಾನು ಎದ್ದು ನಿಂತೆ.

"ನಂದ್ರೀ."

"ಗುರುತೇನವ್ವಾ?"

"ತಿದ್ದೋಕಿಂತ ಮೊದಲಿನ ಪ್ರತಿ ತೆಗೀರಿ. ಅದರಾಗ ಒಂದ ಇರುವಿ ಹಿಂದಕ್ಕ ತಿರುಗೈತಿ. ಹಿಂದಿನಾಕಿ ಬಂದ್ಳೋ ಇಲ್ಲೋ ನೋಡಾಕ."

ದ್ಯಾಮಣ್ಣ ಹಳೆಯ ಪ್ರತಿ ತೆರೆದ. ಬಿಳಿ ಮೊಟ್ಟೆಗಳ ಆ ಸಾಲಿನ ನಡುವೆ ಒಂದು ಇರುವೆ ಕತ್ತು ಹೊರಳಿಸಿ ನಿಂತಿತ್ತು.

"ತಪ್ಪಾಗೈತಿ ಅಂತ ನಾನ ಅದನ್ನ ಮುಂದಕ್ಕ ತಿರುವಿದ್ದೆ. ಮೊಟ್ಟಿಗೆ ಹಳದಿನೂ ಹಚ್ಚಿದ್ದೆ," ಎಂದ ಅವನು.

ಸಂಗನಬಸಪ್ಪನವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಕೆಲಸ ಈಕಿಗೇ ಬರೀರಿ," ಎಂದರು.

ಆ ಕೋಣೆಯಲ್ಲಿ ನಾನೆಂದೂ ಅಷ್ಟು ನೆಟ್ಟಗೆ ನಿಂತಿರಲಿಲ್ಲ. ಕೂರಲು ಮನಸ್ಸಾಗಲಿಲ್ಲ.

"ನೇಯೋದಾದ್ರ ಮೊದಲಿನ ಪ್ರತೀನ ನೇಯ್ರಿ," ಎಂದೆ.

ಎಲ್ಲರೂ ಇನ್ನೂ ಪರದೆಯ ಮೇಲೆ ಹಿಂದಕ್ಕೆ ತಿರುಗಿ ನಿಂತ ಆ ಇರುವೆಯನ್ನೇ ನೋಡುತ್ತಿದ್ದರು.