ಅಕ್ಕ ಇರೋ ತನಕ

ನಮ್ಮ ಬೀದಿಯಲ್ಲಿ ಒಂದು ಮನೆ ಖಾಲಿಯಾಯಿತು ಅನ್ನುವುದು ಬಾಗಿಲು ನೋಡಿದರೇ ತಿಳಿಯುತ್ತಿತ್ತು. ಚಿಲಕದ ಪಕ್ಕ ಕರಿ ಡಬ್ಬಿ ಬಂತೆಂದರೆ ಮುಗಿಯಿತು ಕಥೆ. ಅಂಗೈಯಗಲದ ಕಬ್ಬಿಣದ ಡಬ್ಬಿ, ಅದರ ಮೇಲೆ ತಿರುಗಿಸುವ ನಂಬರು, ಒಳಗೆ ಬಾಗಿಲಿನ ಕೀ. ಪ್ರವಾಸಿಗರು ಮೊಬೈಲು ನೋಡಿಕೊಂಡು ಬರುತ್ತಾರೆ, ನಂಬರು ತಿರುಗಿಸುತ್ತಾರೆ, ಒಳಗೆ ಹೋಗುತ್ತಾರೆ. ಯಾರ ಮುಖವನ್ನೂ ಯಾರೂ ನೋಡಬೇಕಾಗಿಲ್ಲ. ಮೊದಲು ಮೂಲೆಮನೆಯ ಟೈಲರ್ ಸಂಸಾರ ಹೋಯಿತು, ಆಮೇಲೆ ಎದುರುಮನೆಯ ಟೀಚರ್ ಹೋದರು. ಟೈಲರ್ ಬಾಗಿಲಿನ ಡಬ್ಬಿಗೆ ನಾನೇ ಒಂದು ಟ್ಯೂಬು ಪಂಕ್ಚರ್ ಹಾಕುವ ಅಂಟು ಹಿಂಡಿದ್ದೆ. ಹೌದು, ಹಿಂಡಿದೆ. ಏನೀಗ?

ನಾನು ಸೈಕಲ್ ರಿಪೇರಿ ಮಾಡುವವಳು. ಬೀದಿಗೆ ಅಂಗಡಿ, ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲೇ ನನ್ನ ವಾಸ. ಮಹಡಿಯ ಮೇಲೆ ತಮ್ಮ ಮತ್ತು ಅವನ ಹೆಂಡತಿ. ಅಪ್ಪನಿಗೆ ಕೈನಡುಕ ಶುರುವಾದ ವರ್ಷ ನಾನು ಓದು ಬಿಟ್ಟು ಸ್ಪ್ಯಾನರ್ ಹಿಡಿದೆ. ತಮ್ಮನನ್ನು ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು, ಎದುರುಗಾಳಿಗೆ ಅವನ ಕಿವಿ ನೋಯದಿರಲೆಂದು ನನ್ನ ದುಪಟ್ಟಾ ಸುತ್ತಿ, ಶಾಲೆಗೆ ಬಿಟ್ಟು ಬಂದು ಅಂಗಡಿ ತೆರೆಯುತ್ತಿದ್ದೆ. ನನ್ನನ್ನು ನೋಡಲು ಒಂದಿಬ್ಬರು ಗಂಡುಗಳೂ ಬಂದರು, ಹೋದರು. ಎಣ್ಣೆಗೈ ನೋಡಿ ಹೆದರಿದರೋ, ನನ್ನ ಬಾಯಿ ಕೇಳಿ ಹೆದರಿದರೋ, ದೇವರಿಗೇ ಗೊತ್ತು.

ಅಪ್ಪ ಇಡೀ ಮನೆಯನ್ನು ತಮ್ಮನ ಹೆಸರಿಗೆ ಬರೆದ. ಆದರೆ ಕೊನೆಗಾಲದಲ್ಲಿ ನನ್ನೆದುರಿಗೇ ಅವನ ಕೈ ಹಿಡಿದು ಹೇಳಿದ: “ಕೆಳಗಿನ ಮನೆ, ಅಕ್ಕ ಇರೋ ತನಕ ಅಕ್ಕಂದೇ. ಅವಳನ್ನ ಅಲ್ಲಿಂದ ಎಬ್ಬಿಸ್ಬೇಡ.” ತಮ್ಮ ಗಳಗಳ ಅತ್ತು, “ಆಯ್ತಪ್ಪ, ನಿನ್ನಾಣೆ” ಅಂದ. ಕಾಗದ ಪತ್ರ ಅಂತ ನಾನು ಕೇಳಲಿಲ್ಲ. ಎತ್ತಿ ಆಡಿಸಿದ ಹುಡುಗನ ಹತ್ತಿರ ಯಾರಾದರೂ ಕಾಗದ ಕೇಳುತ್ತಾರೆಯೇ?

ನಮ್ಮದು ದಿಬ್ಬದ ಮೇಲಿನ ಊರು. ಮೇಲೆ ಹಳೇ ಕೋಟೆ, ಕೆಳಗೆ ಸಮುದ್ರ. ಮೊದಮೊದಲು ಬರುತ್ತಿದ್ದ ಸೈಕಲ್ ಪ್ರವಾಸಿಗರನ್ನು ಕಂಡರೆ ನನಗೆ ಆಸೆಯೇ. ಒಬ್ಬರೋ ಇಬ್ಬರೋ, ಚಕ್ರದ ಎರಡು ಬದಿಗೆ ಚೀಲ ನೇತುಹಾಕಿಕೊಂಡು, ಬಿಸಿಲಿಗೆ ಸುಟ್ಟ ಮೂಗು ಹೊತ್ತು, ನನ್ನ ಮೆಟ್ಟಿಲ ಮೇಲೆ ಉಸ್ಸೆಂದು ಕೂರುತ್ತಿದ್ದರು. ನಾನು ಚಕ್ರದ ಬೆಂಡ್ ತೆಗೆಯುತ್ತಿದ್ದರೆ ಅವರು ದಾರಿಯ ಕಥೆ ಹೇಳುತ್ತಿದ್ದರು. ಆಮೇಲೆ ಯಾರೋ ಏನೋ ಫೋಟೋ ಹಾಕಿದರಂತೆ, ಜನ ಊರನ್ನೇ ಮುತ್ತಿಕೊಂಡರು. ಬಾಡಿಗೆ ಸೈಕಲ್ಲುಗಳ ಹಿಂಡು, ಅದರ ಹಿಂದೆ ಬಸ್ಸುಗಳು. ಸೈಕಲ್ಲುಗಳನ್ನು ಬಾಗಿಲಿಗೇ ಒರಗಿಸಿ ಹೋಗುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಹೊರಗೆ ಬರಬೇಕಾದರೆ ನಾನು ಹೋಗಿ ಎತ್ತಿಡಬೇಕು. ಸಂಜೆಗೆ ನಲ್ಲಿಯಲ್ಲಿ ನೀರಿಲ್ಲ. ನನ್ನ ಮೆಟ್ಟಿಲ ಮೇಲೆ ಕೂತು ತಿಂದು ಕಸ ಎಸೆಯುವವರಿಗೆ ನನ್ನ ಹತ್ತಿರ ಒಂದೇ ಮದ್ದು: ಟ್ಯೂಬ್ ಮುಳುಗಿಸುವ ಬೋಗುಣಿಯ ನೀರು. “ಅಯ್ಯೋ, ಕಾಣಲೇ ಇಲ್ಲ” ಅಂತ ಹೇಳಿ ಎರಚುತ್ತಿದ್ದೆ.

ತಮ್ಮ ಪ್ರವಾಸದ ಆಫೀಸೊಂದರಲ್ಲಿ ಬುಕಿಂಗ್ ನೋಡಿಕೊಳ್ಳುತ್ತಿದ್ದ. ಕೆಳಗಿನ ಮನೆಯನ್ನೂ ಪ್ರವಾಸಿಗರಿಗೆ ಬಿಡೋಣ ಅಂತ ಅವನು ನನ್ನ ತಲೆ ತಿಂದದ್ದು ಅಷ್ಟಿಷ್ಟಲ್ಲ. “ನಾನು ಹೆಣವಾಗಿ ಹೋದ್ಮೇಲೆ ಏನಾದ್ರೂ ಮಾಡ್ಕೋ ಹೋಗೋ” ಅಂತ ಬೈದು ಕಳಿಸುತ್ತಿದ್ದೆ. ಆಮೇಲೆ ಅವನು ಕೇಳುವುದನ್ನೇ ಬಿಟ್ಟ. ಬುದ್ಧಿ ಬಂತು ಅಂದುಕೊಂಡೆ.

ಒಂದು ದಿನ ಎರಡು ಕೆಂಪು ಚೀಲ ಹಿಡಿದುಕೊಂಡು ಅಂಗಡಿಗೆ ಬಂದ. ಸೈಕಲ್ಲಿನ ಹಿಂದೆ ಕಟ್ಟುವಂಥವು, ಹೊಚ್ಚ ಹೊಸವು.

“ಅಕ್ಕ, ಜೀವಮಾನವೆಲ್ಲ ಬೇರೆಯೋರ ಸೈಕಲ್ ರೆಡಿ ಮಾಡಿ ಕಳಿಸ್ದೆ. ನೀನು ಮಾತ್ರ ಈ ದಿಬ್ಬ ಇಳಿದು ಎಲ್ಲಿಗೂ ಹೋಗ್ಲಿಲ್ಲ. ಈ ಸಲ ನೀನೇ ಹೋಗಿ ಬಾ. ಹದಿನೈದು ದಿನದ ಪ್ರವಾಸ, ಕೆರೆಗಳ ಊರಿನವರೆಗೆ ಹೋಗಿ ಬರೋದು. ಎಲ್ಲಾ ಬುಕ್ ಮಾಡಿದೀನಿ.”

“ತಲೆ ಕೆಟ್ಟಿದೆಯೇನೋ? ಅಂಗಡಿ ಯಾರು ನೋಡ್ತಾರೆ, ನಿಮ್ಮಜ್ಜನಾ?”

“ನಮ್ಮಜ್ಜ ಅಂದ್ರೆ ನಿನಗೂ ಅಜ್ಜನೇ ಕಣಕ್ಕ.”

ಇಬ್ಬರೂ ನಕ್ಕೆವು. ಅವನು ಚೀಲವನ್ನು ನನ್ನ ತೊಡೆಯ ಮೇಲಿಟ್ಟ. ನನಗೆ ಅಳು ತಡೆಯಲಾಗಲಿಲ್ಲ. ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಮಸಿಯಾಯಿತು. ಇಷ್ಟು ವರ್ಷಕ್ಕೆ ಒಬ್ಬರಾದರೂ ನನಗೇನು ಬೇಕು ಅಂತ ಯೋಚನೆ ಮಾಡಿದರಲ್ಲ ಅನ್ನಿಸಿತು.

“ನೀನು ಬರೋಷ್ಟರಲ್ಲಿ ಕೆಳಗೆಲ್ಲ ಬಣ್ಣ ಹೊಡೆಸಿಟ್ಟಿರ್ತೀನಿ. ಕೀ ಕೊಟ್ಟು ಹೋಗು” ಅಂದ.

ಕೊಟ್ಟೆ. ಗಿರಾಕಿಯ ಸೈಕಲ್ಲನ್ನು ಒಂದೊಂದು ನಟ್ಟೂ ಮುಟ್ಟಿ ನೋಡದೆ ಅಂಗಡಿಯಿಂದ ಆಚೆ ಬಿಡುವವಳಲ್ಲ ನಾನು. ತಮ್ಮನ ಮಾತನ್ನು ಮಾತ್ರ ಮುಟ್ಟಿಯೂ ನೋಡಲಿಲ್ಲ. ಮೂಗಿಗೆ ತುಪ್ಪ ಸವರಿದ್ದ. ನಾನು ಊಟಕ್ಕೇ ಕರೆದಿದ್ದಾನೆ ಅಂದುಕೊಂಡೆ.

ಸುಳ್ಳು ಯಾಕೆ ಹೇಳಲಿ, ಆ ಪ್ರವಾಸ ಸೊಗಸಾಗಿತ್ತು. ನಮ್ಮ ಗುಂಪಿನಲ್ಲಿ ನಾನೇ ಹಿರಿಯಳು, ನಾನೇ ನಿಧಾನ. ಆದರೆ ಯಾರ ಚೈನು ಕಳಚಿದರೂ “ಅಕ್ಕ, ಅಕ್ಕ” ಅಂತ ನನ್ನ ಹಿಂದೆಯೇ. ಮೊದಲ ದೊಡ್ಡ ಇಳಿಜಾರಿನಲ್ಲಿ ಬ್ರೇಕು ಬಿಟ್ಟು ಚಿಕ್ಕ ಹುಡುಗಿಯ ಹಾಗೆ ಕೂಗಿದೆ. ತಮ್ಮ ದಿನಾ ಫೋನು ಮಾಡುತ್ತಿದ್ದ. “ಎಲ್ಲಿದೀಯ ಅಕ್ಕ? ಸುಸ್ತಾದ್ರೂ ಅರ್ಧಕ್ಕೆ ವಾಪಸ್ ಬರ್ಬೇಡ. ಪೂರ್ತಿ ಮುಗಿಸ್ಕೊಂಡೇ ಬಾ.” ಎಷ್ಟು ಅಕ್ಕರೆ ನೋಡಿ ಅಂತ ಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗಿದೆ. ದಾರಿಯ ಒಂದು ಸಂತೆಯಲ್ಲಿ ಅವನಿಗೆಂದು ಕಿವಿ ಮುಚ್ಚುವ ಉಣ್ಣೆ ಟೋಪಿ ಕೊಂಡೆ.

ಕೆರೆಗಳ ಊರಿಗೆ ತಲುಪಿದಾಗ ಕಾಲು ಸೋತು ಹೋಗಿತ್ತು. ಅಲ್ಲಿ ನಮಗೆ ಕೊಟ್ಟ ಮನೆಯ ಬಾಗಿಲಲ್ಲೂ ಅದೇ ಕರಿ ಡಬ್ಬಿ. ಛೀ ಅನ್ನಿಸಿತು. ಆದರೂ ನನ್ನ ಕೈಯಾರೆ ನಂಬರು ತಿರುಗಿಸಿದೆ. ಒಳಗೆ ಎಲ್ಲ ಬೆಳ್ಳಗೆ, ತಣ್ಣಗೆ. ಅಡುಗೆಮನೆಯ ಚೌಕಟ್ಟಿನಲ್ಲಿ ಮಾತ್ರ ಹೊಸ ಬಣ್ಣದಡಿಯಿಂದ ಪೆನ್ಸಿಲ್ ಗೆರೆಗಳು ಇಣುಕುತ್ತಿದ್ದವು, ಒಂದರ ಮೇಲೊಂದು. ಯಾರೋ ಮಕ್ಕಳನ್ನು ನಿಲ್ಲಿಸಿ ಎತ್ತರ ಗುರುತು ಹಾಕಿದ್ದರು. ಆ ಮಕ್ಕಳು ಈಗ ಯಾರ ಮನೆಯ ಗೋಡೆಗೆ ಆನಿಕೊಂಡು ಬೆಳೆಯುತ್ತಿವೆಯೋ ಅಂತ ನೆನೆದು ನನಗೆ ಊಟ ಸೇರಲಿಲ್ಲ.

ಮಾರನೆಯ ಬೆಳಿಗ್ಗೆ ಹೊರಟರೆ, ಊರವರು ಮನೆಮನೆಯ ಕುರ್ಚಿ ತಂದು ರಸ್ತೆಗೆ ಅಡ್ಡ ಹಾಕಿಕೊಂಡು ಕೂತಿದ್ದಾರೆ. ಒಂದು ಸೈಕಲ್ಲನ್ನೂ ಮುಂದೆ ಬಿಡುವುದಿಲ್ಲವಂತೆ. ನಾನು ಇಳಿದು ನಿಂತದ್ದೇ ತಡ, ಮೇಲಿನ ಕಿಟಕಿಯಿಂದ ಒಂದು ಬಕೆಟ್ ನೀರು ಸರಿಯಾಗಿ ನನ್ನ ತಲೆಯ ಮೇಲೆ!

“ಹೋಗ್ರೀ ನಿಮ್ಮ ನಿಮ್ಮ ಮನೆಗೆ! ನಮ್ಮ ಮನೇಲಿ ನಾವಿರ್ತೀವಿ!”

ತಲೆಯೆತ್ತಿ ನೋಡಿದೆ. ನನ್ನದೇ ವಯಸ್ಸಿನ ಹೆಂಗಸು, ಕೂದಲು ಮೇಲೆ ಕಟ್ಟಿ, ಖಾಲಿ ಬಕೆಟ್ ಹಿಡಿದು ನಿಂತಿದ್ದಳು. ನನಗೆ ನಗು ಬಂತು.

“ಗುರಿ ಚೆನ್ನಾಗಿದೆ ಕಣಮ್ಮ! ನಮ್ಮೂರಲ್ಲಿ ನಾನೂ ಇದೇ ಕೆಲಸ ಮಾಡ್ತೀನಿ!”

“ಹಾಗಾದ್ರೆ ನಾಚಿಕೆ ಆಗ್ಬೇಕು ನಿನಗೆ!” ಅಂದವಳೇ ಕಿಟಕಿ ದಬಾರನೆ ಮುಚ್ಚಿದಳು. ಸರಿಯಾಗಿಯೇ ಹೇಳಿದ್ದಳು.

ನಮ್ಮ ಗುಂಪಿನ ಮುಂದಾಳು ಇನ್ನೂ ಒಂದು ವಾರ ಬಾಕಿಯಿದ್ದ ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಿ, ಸೈಕಲ್ಲುಗಳನ್ನು ಬಸ್ಸಿನ ಮೇಲೆ ಕಟ್ಟಿಸಿ, ನಮ್ಮನ್ನೆಲ್ಲ ವಾಪಸ್ ಹೊರಡಿಸಿದ. ತಮ್ಮನಿಗೆ ಫೋನು ಮಾಡಲಿಲ್ಲ. ಹೇಳದೆ ಹೋಗಿ ಹಿಂದಿನಿಂದ ಟೋಪಿ ಹಾಕಬೇಕು, ಬೆಚ್ಚಿಬೀಳಿಸಬೇಕು ಅಂತ ನನ್ನ ಆಸೆ.

ಮಧ್ಯಾಹ್ನದ ಬಿಸಿಲಿನಲ್ಲಿ ಸೈಕಲ್ ತಳ್ಳಿಕೊಂಡು ನಮ್ಮ ಬೀದಿಯ ಏರು ಹತ್ತಿದೆ. ನಮ್ಮ ಬಾಗಿಲಿಗೆ ನೀಲಿ ಬಣ್ಣ ಬಂದಿತ್ತು. ಪರವಾಗಿಲ್ಲವೇ, ಹೇಳಿದ ಹಾಗೆ ಮಾಡಿದ್ದಾನೆ ಅಂದುಕೊಂಡು ಹತ್ತಿರ ಹೋದೆ. ಚಿಲಕದ ಪಕ್ಕ ಕರಿ ಡಬ್ಬಿ.

ಬಾಗಿಲು ತಪ್ಪಿತೇ ಅಂತ ಬೀದಿಯ ಆಚೆ ಈಚೆ ನೋಡಿದೆ. ತಪ್ಪಿರಲಿಲ್ಲ. ಪಕ್ಕದ ಅಜ್ಜಿಯ ಕಿಟಕಿ ಅಲ್ಲೇ ಇತ್ತು. ಅಂಗಡಿಯ ಬೋರ್ಡು ಇರಲಿಲ್ಲ. ನನ್ನ ಹತ್ತಿರವಿದ್ದ ಇನ್ನೊಂದು ಕೀ ಹಾಕಿದರೆ ಒಳಗೇ ಹೋಗಲಿಲ್ಲ, ಬೀಗ ಬದಲಾಗಿತ್ತು. ಬಾಗಿಲು ಬಡಿದೆ.

ಒಬ್ಬ ಹೆಂಗಸು ತೆರೆದಳು. ಒದ್ದೆ ತಲೆಗೆ ಟವಲು ಸುತ್ತಿಕೊಂಡಿದ್ದಳು. ನನ್ನ ಅಡುಗೆಮನೆಯ ಲೋಟ ಅವಳ ಕೈಯಲ್ಲಿತ್ತು.

“ನೀವೂ ಸೈಕಲ್ ಪ್ರವಾಸಕ್ಕೆ ಬಂದೋರಾ? ಈ ಮನೆ ನಾವು ಬುಕ್ ಮಾಡಿದೀವಿ ಅಲ್ವಾ” ಅಂದಳು, ಮೆತ್ತಗೆ. ಕೆಟ್ಟವಳಲ್ಲ. ನನ್ನ ಕೆಂಪು ಚೀಲ, ಸುಟ್ಟ ಮೂಗು ನೋಡಿ ಹಾಗಂದುಕೊಂಡಳು.

ಅವಳ ಹೆಗಲ ಮೇಲಿಂದ ಒಳಗೆ ನೋಡಿದೆ. ಮಸಿ ಹಿಡಿದ ನನ್ನ ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು. ಅದರ ಮೇಲೆ ನನ್ನ ಸ್ಪ್ಯಾನರ್‌ಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿ ಸ್ಕ್ರೂ ಹೊಡೆದಿದ್ದರು, ಯಾರೂ ತೆಗೆದು ಬಳಸಲು ಬಾರದ ಹಾಗೆ. ಚಕ್ರದ ಬೆಂಡ್ ತೆಗೆಯುವ ಸ್ಟ್ಯಾಂಡಿಗೆ ಬಲ್ಬು ಸಿಗಿಸಿದ್ದರು. ಬೋಗುಣಿಯಲ್ಲಿ ಪ್ಲಾಸ್ಟಿಕ್ ಹೂವು. ಅಪ್ಪನ ಫೋಟೋದ ಪಕ್ಕ ನನ್ನ ಫೋಟೋ. ಇಪ್ಪತ್ತು ದಾಟಿದ ಹೊಸತರಲ್ಲಿ ತೆಗೆಸಿದ್ದು, ಜಡೆ ಮುಂದೆ ಹಾಕಿಕೊಂಡದ್ದು.

“ಚೆನ್ನಾಗಿದೆ ಅಲ್ವಾ?” ಅಂದಳು ಅವಳು. “ನಿಜವಾದ ಸೈಕಲ್ ಅಂಗಡಿ ಆಗಿತ್ತಂತೆ. ಅಲ್ಲಿ ಫೋಟೋದಲ್ಲಿ ಇದಾರಲ್ಲ, ಮನೆಯೋರ ಅಕ್ಕ ಅಂತೆ, ಅವರೇ ನಡೆಸ್ತಿದ್ರು. ತೀರಿಕೊಂಡ್ರಂತೆ, ಪಾಪ. ಅವರ ನೆನಪಿಗೆ ತಮ್ಮ ಎಲ್ಲಾನೂ ಹಾಗೇ ಇಟ್ಟಿದಾರೆ.”

ಅಷ್ಟರಲ್ಲಿ ಮಹಡಿಯ ಮೆಟ್ಟಿಲಿಳಿದು ತಮ್ಮ ಬಂದ, ಕೈತುಂಬ ಒಗೆದ ಟವಲು. ನನ್ನನ್ನು ನೋಡಿ ಅಲ್ಲೇ ನಿಂತ.

ಅವಳು ಅವನ ಕಡೆ ತಿರುಗಿದಳು. “ಇವರು ನಿಮಗೆ ಗೊತ್ತಾ?”

ಮನಸ್ಸಿನಲ್ಲೇ ಅವನನ್ನು ಬೇಡಿಕೊಂಡೆ. ಹೇಳೋ. ಅಕ್ಕ ಅನ್ನು. ಒಂದೇ ಒಂದು ಸಲ ಅಂದುಬಿಡು ಮಹಾರಾಯ, ಮಿಕ್ಕಿದ್ದನ್ನೆಲ್ಲ ಆಮೇಲೆ ಬೈದು ಸರಿ ಮಾಡುತ್ತೇನೆ. ಮನೆಯೂ ಬೇಕಾದರೆ ನೀನೇ ಇಟ್ಟುಕೋ.

ತಮ್ಮ ಟವಲುಗಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

“ಹೂಂ, ಗೊತ್ತು. ಹಿಂದೆ ಇಲ್ಲಿ ಕೆಲಸಕ್ಕಿದ್ದೋರು” ಅಂದ.

“ಅಯ್ಯೋ ಹೌದಾ! ಹಾಗಾದ್ರೆ ಆ ಅಕ್ಕನ್ನ ನೀವು ನೋಡಿರ್ತೀರಿ. ಹೇಗಿದ್ರು ಅವರು?”

“ಬಾಯಿ ಜೋರಮ್ಮ ಅವಳದು” ಅಂದೆ. ನನ್ನ ದನಿ ನನಗೇ ಯಾರದೋ ಅನ್ನಿಸಿತು. “ಊರನ್ನೆಲ್ಲ ಹೆದರಿಸ್ತಿದ್ಲು. ಮನೆಯೋರು ಏನು ಹೇಳಿದ್ರೂ ಮಾತ್ರ ನಂಬ್ತಿದ್ಲು. ಶುದ್ಧ ದಡ್ಡಿ.”

ಆಮೇಲೆ, “ನನ್ನ ಸಾಮಾನು ಕೆಲವು ಇಲ್ಲೇ ಉಳಿದಿವೆ, ತಗೊಂಡು ಹೋಗ್ಲಾ?” ಅಂತ ಅವಳನ್ನೇ ಕೇಳಿದೆ, ತಮ್ಮನನ್ನಲ್ಲ. “ಬನ್ನಿ ಬನ್ನಿ” ಅಂದಳು. ನನ್ನ ಮನೆಗೆ ನಾನು ಅವಳ ಅಪ್ಪಣೆ ಪಡೆದು ಹೊಕ್ಕೆ.

ಚೀಲದಿಂದ ಸ್ಕ್ರೂ ಡ್ರೈವರ್ ತೆಗೆದು ಗೋಡೆಯ ಮುಂದೆ ನಿಂತೆ. ದೊಡ್ಡ ಸ್ಪ್ಯಾನರ್‌ನಿಂದ ಶುರು ಮಾಡಿದೆ. ಸ್ಕ್ರೂ ಬಿಚ್ಚಿದಲ್ಲೆಲ್ಲ ಸುಣ್ಣ ಉದುರಿ ನೆಲಕ್ಕೆ ಬೀಳುತ್ತಿತ್ತು. ಆ ಹೆಂಗಸು ಏನೋ ಎಡವಟ್ಟಾಗಿದೆ ಅಂತ ಅರಿತು ಒಳಕೋಣೆಗೆ ಹೋದಳು. ತಮ್ಮ ನನ್ನ ಹಿಂದೆ ಬಂದು ಬಗ್ಗಿ ಪಿಸುಗುಟ್ಟಿದ.

“ಅಕ್ಕ, ನೀನು ಇಷ್ಟು ಬೇಗ ಬರ್ತೀಯ ಅಂತ... ಮೇಲೆ ಸಾಮಾನಿನ ಕೋಣೇಲಿ ನಿನಗೆ ಮಂಚ ಹಾಕ್ಸಿದೀನಿ. ಬಂದ್ಮೇಲೆ ಎಲ್ಲಾ ಹೇಳೋಣ ಅಂತಿದ್ದೆ. ತೀರಿಕೊಂಡ ಅಕ್ಕ ಅಂದ್ರೆ ಜನರ ಮನಸ್ಸಿಗೆ ಹಿಡಿಸುತ್ತೆ, ಅದಕ್ಕೆ... ಬೇಕಾದ್ರೆ ಬೆಳಿಗ್ಗೆ ಹೊತ್ತು ನೀನೂ ಇಲ್ಲಿ ಕೂತು ಒಂದೆರಡು ಚಕ್ರ ತಿರುಗಿಸ್ಬಹುದು. ಕೆಲಸದೋರು ಅಂತ ಹೇಳಿದ್ರಾಯ್ತು.”

ಈಗ ಅಕ್ಕ ಅನ್ನುತ್ತಿದ್ದ, ಯಾರಿಗೂ ಕೇಳಿಸದ ಹಾಗೆ.

“ಸತ್ತೋರು ಕೆಲಸಕ್ಕೆ ಬರಲ್ಲ ಕಣೋ” ಅಂದೆ.

ಅವನು ಅತ್ತ. ಚಿಕ್ಕಂದಿನಿಂದಲೂ ಅವನಿಗೆ ಅಳು ಬಲು ಸಲೀಸು. ಅಪ್ಪನ ಹಾಸಿಗೆಯ ಪಕ್ಕವೂ ಹೀಗೇ ಅತ್ತಿದ್ದ. ನಾನು ಸ್ಟ್ಯಾಂಡಿನ ಬಲ್ಬು ಕಿತ್ತು ಮೇಜಿನ ಮೇಲಿಟ್ಟೆ. ಬೋಗುಣಿಯ ಹೂವನ್ನು ಸುರಿದೆ. ಕೆಂಪು ಚೀಲಗಳಿಂದ ಬಟ್ಟೆ ತೆಗೆದು ಹೆಗಲಿಗೆ ಕಟ್ಟಿಕೊಂಡು, ಸ್ಪ್ಯಾನರ್‌ಗಳನ್ನು ಅವುಗಳಲ್ಲಿ ತುಂಬಿದೆ. ತಳದಲ್ಲಿ ಉಣ್ಣೆ ಟೋಪಿ ಇತ್ತು. ಅದನ್ನು ಹೊರಗೆ ತೆಗೆಯಲಿಲ್ಲ.

“ಎಲ್ಲಿಗೆ ಹೋಗ್ತೀಯ ಅಕ್ಕ? ಅಪ್ಪನಿಗೆ ಕೊಟ್ಟ ಮಾತು...”

“ಅದನ್ನ ನೀನು ಮುರಿದಿಲ್ಲ ಬಿಡು” ಅಂದೆ. “ಅಕ್ಕ ಇರೋ ತನಕ ಅಂದಿದ್ದ ಅಪ್ಪ. ನೀನು ಅಕ್ಕನ್ನೇ ಇಲ್ಲದ ಹಾಗೆ ಮಾಡ್ದೆ.”

ಸ್ಟ್ಯಾಂಡನ್ನು ಸೈಕಲ್ಲಿನ ಹಿಂದೆ ಕಟ್ಟಿ ಹೊರಟೆ. ಭಾರಕ್ಕೆ ಹಿಂದಿನ ಚಕ್ರ ಕಿರ್ ಅನ್ನುತ್ತಿತ್ತು. ಬ್ರೇಕು ಹಿಡಿದು ಹಿಡಿದು ದಿಬ್ಬ ಇಳಿದೆ. ಮೆಟ್ಟಿಲುಗಳ ಮೇಲೆ ಕೂತಿದ್ದ ಪ್ರವಾಸಿಗರು ನನಗೆ ದಾರಿ ಬಿಡಲು ಕಾಲು ಮಡಚಿಕೊಂಡರು. ಕೆಳಗಿನ ತಿರುವಿನಲ್ಲಿ ಒಬ್ಬ ಹುಡುಗಿ ನನ್ನ ತುಂಬಿದ ಚೀಲಗಳನ್ನು ನೋಡಿ ಖುಷಿಯಿಂದ ಕೈಬೀಸಿದಳು.

“ಅಬ್ಬಾ, ಇಷ್ಟೊಂದು ಲಗೇಜಾ! ಯಾವ ಊರು ನಿಮ್ಮದು?” ಅಂತ ಕೇಳಿದಳು.

ಹೇಳೋಣವೆಂದು ನಿಂತೆ. ದಿಬ್ಬದ ಕಡೆ ಎತ್ತಿದ ಕೈಯನ್ನು ಹಾಗೇ ಇಳಿಸಿ ಬ್ರೇಕು ಬಿಟ್ಟೆ.